ನೆಲ ಬಿಟ್ಟೊಡನೆ ಮಗುಚುವ ಬಹು ಎಂಜಿನ್ ಮಾದರಿ ವಿಮಾನಗಳು

ಎರಡೋ ನಾಲ್ಕೋ ಎಂಜಿನ್‌ಗಳಿರುವ ದೊಡ್ಡ ರೇಡಿಯೋ ನಿಯಂತ್ರಿತ ವಿಮಾನ ಮೇಲೆದ್ದ ಕೆಲವೇ ಸೆಕೆಂಡುಗಳಲ್ಲಿ ಪಕ್ಕಕ್ಕೆ ಹೊರಳಿ ಅಪ್ಪಳಿಸಿದರೆ, ನೋಡಿದವರು ಎಂಜಿನ್ ನಿಂತಿತು ಎನ್ನುತ್ತಾರೆ. ಅದು ಅರ್ಧ ಉತ್ತರ. ಅದೇ ಎಂಜಿನ್ ಒಳ್ಳೆಯ ಎತ್ತರ, ವೇಗ ಇರುವಾಗ ನಿಂತಿದ್ದರೆ ವಿಮಾನ ಬಹುಶಃ ಉಳಿಯುತ್ತಿತ್ತು. ಉರುಳಿಸುವುದು ವೇಗದ ಕೊರತೆ.

ಎಡ ಎಂಜಿನ್ ನಿಂತಿತೆನ್ನಿ. ಬಲಗಡೆಯದು ಪೂರ್ಣ ಬಲದಿಂದ ಎಳೆಯುತ್ತಲೇ ಇರುವುದರಿಂದ ಮೂತಿ ಎಡಕ್ಕೆ ತಿರುಗುತ್ತದೆ. ಇದನ್ನು ತಡೆಯಬೇಕಾದದ್ದು ಬಾಲದ ರಡ್ಡರ್, ಅಂದರೆ ಮೂತಿಯನ್ನು ಎಡಬಲಕ್ಕೆ ತಿರುಗಿಸುವ ಫಲಕ. ಅದರ ಬಲ ವೇಗದ ವರ್ಗವನ್ನು ಅವಲಂಬಿಸಿದೆ: ವೇಗ ಅರ್ಧಕ್ಕಿಳಿದರೆ ಬಲ ಕಾಲು ಭಾಗಕ್ಕಿಳಿಯುತ್ತದೆ. ಪ್ರೊಪೆಲ್ಲರ್‌ನ ಎಳೆತವಾದರೋ ನಿಧಾನಗತಿಯಲ್ಲೇ ಹೆಚ್ಚು. ಟೇಕಾಫ್ ಹೊತ್ತಿನಲ್ಲಿ ಈ ಎರಡೂ ಸಂಗತಿಗಳು ವಿಮಾನಕ್ಕೆ ವಿರುದ್ಧ. ಮೂತಿ ತಿರುಗಿದಂತೆ ಎಡ ರೆಕ್ಕೆ ಹಿಂದುಳಿದು ತಗ್ಗುತ್ತದೆ. ಆಗ ಕೈ ತಾನಾಗಿಯೇ ಬಲಕ್ಕೆ ಎಲೆರಾನ್ (ವಿಮಾನವನ್ನು ಪಕ್ಕಕ್ಕೆ ಬಾಗಿಸುವ ರೆಕ್ಕೆಯ ಫಲಕ) ಕೊಡುತ್ತದೆ, ಮೂತಿ ಎತ್ತಲು ಎಲೆವೇಟರ್ (ಬಾಲದ ಅಡ್ಡ ಫಲಕ) ಎಳೆಯುತ್ತದೆ. ಎಡ ಎಲೆರಾನ್ ಕೆಳಕ್ಕೆ ಬಾಗಿ, ಮೊದಲೇ ನಿಧಾನವಾಗಿದ್ದ ರೆಕ್ಕೆತುದಿ ಗಾಳಿಗೆ ಎದುರಾಗುವ ಕೋನವನ್ನು ಇನ್ನಷ್ಟು ಹೆಚ್ಚಿಸುತ್ತದೆ. ತುದಿ ಸ್ಟಾಲ್ ಆಗುತ್ತದೆ, ಅಂದರೆ ಎತ್ತುವ ಬಲ ಕಳೆದುಕೊಳ್ಳುತ್ತದೆ; ವಿಮಾನ ಮಗುಚುತ್ತದೆ. ಇಲ್ಲಿ ಉಳಿಸುವ ಕ್ರಮ ಒಂದೇ: ಥ್ರಾಟಲ್ (ಎಂಜಿನ್ ಬಲದ ನಿಯಂತ್ರಣ) ತಕ್ಷಣ ಇಳಿಸಿ, ಮೂತಿ ತಗ್ಗಿಸಿ, ರಡ್ಡರ್‌ನಿಂದ ನೇರ ಮಾಡಿ, ಎದುರಿಗಿರುವ ನೆಲದಲ್ಲೇ ಇಳಿಸುವುದು. ಬಾಗಿಸಿ ರನ್‌ವೇಗೆ ಮರಳಲು ಹೋದರೆ ವಿಮಾನ ಕೈತಪ್ಪುತ್ತದೆ.

ಗಾತ್ರದ್ದೂ ಪಾತ್ರವಿದೆ. ಒಂದೇ ಬಗೆಯಲ್ಲಿ ಕಟ್ಟಿದ ಮಾದರಿಯ ಅಳತೆ ದುಪ್ಪಟ್ಟಾದರೆ ತೂಕ ಸುಮಾರು 8 ಪಟ್ಟು, ರೆಕ್ಕೆಯ ವಿಸ್ತೀರ್ಣ 4 ಪಟ್ಟು; ಸ್ಟಾಲ್ ವೇಗ, ಅಂದರೆ ಹಾರಲು ಬೇಕಾದ ಕನಿಷ್ಠ ವೇಗ, ಸುಮಾರು 1.4 ಪಟ್ಟು. ಸಣ್ಣ ಮಾದರಿಗಳಿಗೆ ಪಳಗಿದ ಕಣ್ಣಿಗೆ ದೊಡ್ಡದರ ಓಟ ಸಾಕೆನಿಸಿ, ಬೇಗನೆ ಮೇಲೆತ್ತಿಬಿಡುತ್ತಾರೆ. ಗುರುತ್ವ ಕೇಂದ್ರ ಹಿಂದಕ್ಕೆ ಸರಿದಿದ್ದರಂತೂ ಮೂತಿ ತಾನೇ ಏಳುತ್ತದೆ.

ಇನ್ನು ಎಂಜಿನ್ ನಿಲ್ಲುವುದೇಕೆ? ಮಾದರಿ ವಿಮಾನಗಳ ಸಣ್ಣ ಇಂಧನ ಎಂಜಿನ್ ಆದ ಗ್ಲೋ ಎಂಜಿನ್‌ನಲ್ಲಿ ಮೂತಿ ಎದ್ದಾಗ ಟ್ಯಾಂಕ್, ಇಂಧನವನ್ನು ಗಾಳಿಯೊಂದಿಗೆ ಬೆರೆಸುವ ಕಾರ್ಬ್ಯುರೇಟರ್‌ಗಿಂತ ಕೆಳಗಾಗಿ ಇಂಧನದ ಒತ್ತಡ ಇಳಿಯುತ್ತದೆ. ನೆಲದ ಮೇಲೆ ಗರಿಷ್ಠ ವೇಗಕ್ಕೆ ಬಿಗಿಯಾಗಿ ಹೊಂದಿಸಿದ ಎಂಜಿನ್‌ಗೆ ಆಗ ಇಂಧನ ಸಾಲದು, ಬಿಸಿಯೇರಿ ನಿಲ್ಲುತ್ತದೆ. ಆದ್ದರಿಂದ ಗರಿಷ್ಠ ವೇಗ ಸಿಕ್ಕ ಮೇಲೆ ಇಂಧನದ ಹರಿವನ್ನು ಹೊಂದಿಸುವ ನೀಡಲ್ ವಾಲ್ವ್ ತುಸು ತೆರೆದು ನಿಮಿಷಕ್ಕೆ ಸುಮಾರು 300 ಸುತ್ತು ಇಳಿಸಬೇಕು. ಬಳಿಕ ಸಹಾಯಕರು ವಿಮಾನವನ್ನು ಭದ್ರವಾಗಿ ಹಿಡಿದು, ಪ್ರೊಪೆಲ್ಲರ್‌ನಿಂದ ದೂರ ನಿಂತು, ಮೂತಿ ಎತ್ತಿದ ಸ್ಥಿತಿಯಲ್ಲಿ ಪೂರ್ಣ ಥ್ರಾಟಲ್‌ನಲ್ಲಿ ಪರೀಕ್ಷಿಸಬೇಕು. ಎಂಜಿನ್‌ಗಳ ವೇಗವನ್ನು ಕಿವಿಯಿಂದಲ್ಲ, ಸುತ್ತು ಎಣಿಸುವ ಟ್ಯಾಕೋಮೀಟರ್‌ನಿಂದ ಸರಿಹೊಂದಿಸಿ; ನಡುವೇಗದಲ್ಲೂ ನೋಡಿ. ಎಂಜಿನ್ ಬದಲು ವಿದ್ಯುತ್ ಮೋಟರ್ ಇದ್ದರೆ ಅದರ ವೇಗ ನಿಯಂತ್ರಿಸುವ ಪ್ರತಿಯೊಂದು ಸ್ಪೀಡ್ ಕಂಟ್ರೋಲರ್‌ಗೂ ಥ್ರಾಟಲ್ ಮಿತಿಗಳನ್ನು ಬೇರೆಬೇರೆಯಾಗಿ ಕಲಿಸಬೇಕು. ರೇಡಿಯೋ ಸಂಕೇತ ಪಡೆಯುವ ರಿಸೀವರ್‌ಗೆ ಪ್ರತ್ಯೇಕ ಬ್ಯಾಟರಿ ಕೊಡಿ, ಏಕೆಂದರೆ ಫಲಕಗಳನ್ನು ತಿರುಗಿಸುವ ದೊಡ್ಡ ಸರ್ವೊಗಳು ಒಮ್ಮೆಲೆ ವಿದ್ಯುತ್ ಎಳೆದಾಗ ವೋಲ್ಟೇಜ್ ಕುಸಿದು ರಿಸೀವರ್ ಮರುಚಾಲನೆಯಾಗಬಹುದು.

ಥ್ರಾಟಲನ್ನು 3-4 ಸೆಕೆಂಡುಗಳಲ್ಲಿ ನಿಧಾನವಾಗಿ ಏರಿಸಿ. ಒಂದು ಎಂಜಿನ್ ತಡವಾಗಿ ಎಚ್ಚೆತ್ತರೆ ರಡ್ಡರ್‌ಗೆ ಬಲವಿಲ್ಲದ ಹೊತ್ತಿನಲ್ಲೇ ವಿಮಾನ ಅಡ್ಡ ತಿರುಗುತ್ತದೆ. ಆಗ ನಿಲ್ಲಿಸಿ ಮತ್ತೆ ಶುರು ಮಾಡಿ. ಇನ್ನೊಂದು ಅಭ್ಯಾಸ ಬಹಳ ಉಪಯುಕ್ತ: ಟ್ರಾನ್ಸ್‌ಮಿಟರ್‌ನ ಒಂದು ಸ್ವಿಚ್‌ಗೆ ಒಂದು ಎಂಜಿನ್ನನ್ನು ಕನಿಷ್ಠಕ್ಕಿಳಿಸುವ ಕೆಲಸ ಕೊಟ್ಟು, ಸುರಕ್ಷಿತ ಎತ್ತರದಲ್ಲಿ ವೇಗವನ್ನು ಮೆಲ್ಲಗೆ ಇಳಿಸುತ್ತ, ಪೂರ್ಣ ರಡ್ಡರ್ ಕೊಟ್ಟರೂ ಮೂತಿ ನಿಲ್ಲದ ವೇಗ ಯಾವುದೆಂದು ಕಂಡುಕೊಳ್ಳುವುದು. ಟೇಕಾಫ್‌ನಲ್ಲಿ ಆ ವೇಗವನ್ನು ಚೆನ್ನಾಗಿ ದಾಟುವ ತನಕ ಚಕ್ರ ನೆಲದ ಮೇಲೇ ಇರಬೇಕು.