ಅಪ್ಪನನ್ನು ಕೇಳಿದರೆ ಮಗ ಹೇಳುತ್ತಾನೆ

"ಹೇಗಿದ್ದೀರಿ?" ಎಂದು ಎಪ್ಪತ್ತೆಂಟು ವರ್ಷದ ಹಿರಿಯರನ್ನು ಕೇಳುತ್ತೇನೆ. "ಪರವಾಗಿಲ್ಲ ಡಾಕ್ಟ್ರೇ, ನಿದ್ದೆ ಒಂದೇ ಸರಿಯಿಲ್ಲ" ಎನ್ನುತ್ತಾನೆ ಪಕ್ಕದಲ್ಲಿ ಕೂತ ಮಗ. ಕುರ್ಚಿಯನ್ನು ಸ್ವಲ್ಪ ತಿರುಗಿಸಿಕೊಂಡು, ಹಿರಿಯರ ಮುಖವನ್ನೇ ನೋಡುತ್ತಾ, "ರಾತ್ರಿ ಎಷ್ಟು ಹೊತ್ತಿಗೆ ಮಲಗ್ತೀರಿ?" ಎನ್ನುತ್ತೇನೆ. "ಹತ್ತಕ್ಕೆ ಮಲಗ್ತಾರೆ, ಮೂರಕ್ಕೇ ಎದ್ದು ಕೂತಿರ್ತಾರೆ." ಇದೂ ಮಗನೇ. ಅಷ್ಟು ಹೊತ್ತೂ ಹಿರಿಯರು ನನ್ನ ಮೇಜಿನ ಮೇಲಿನ ಬಿಪಿ ಯಂತ್ರದ ಕೊಳವೆ ನೋಡುತ್ತಾ ಕೂತಿರುತ್ತಾರೆ, ಬೇರೆ ಯಾರದೋ ವಿಷಯ ಮಾತಾಡುತ್ತಿದ್ದಾರೆ ಎಂಬಂತೆ.

ವೃದ್ಧರನ್ನೇ ನೋಡುವ ವೈದ್ಯವೃತ್ತಿಯಲ್ಲಿ ಇಪ್ಪತ್ತು ವರ್ಷ ಕಳೆದಿದ್ದೇನೆ. ಈ ದೃಶ್ಯ ನನಗೆ ದಿನಕ್ಕೆ ಹತ್ತು ಸಲವಾದರೂ ಸಿಗುತ್ತದೆ. ಮಗನನ್ನು ಬಯ್ಯುವ ಮನಸ್ಸಿಲ್ಲ. ಅವನು ರಜೆ ಹಾಕಿ ಬಂದಿದ್ದಾನೆ, ಫೈಲನ್ನು ದಿನಾಂಕದ ಪ್ರಕಾರ ಜೋಡಿಸಿ ತಂದಿದ್ದಾನೆ, ಮಾತ್ರೆಗಳ ಹೆಸರು ಬಾಯಿಪಾಠ ಮಾಡಿದ್ದಾನೆ. ಅಪ್ಪನ ಮೇಲೆ ಪ್ರೀತಿ ಇಲ್ಲದವನು ಇಷ್ಟೆಲ್ಲ ಮಾಡುವುದಿಲ್ಲ. ಆದರೂ ಅವನ ಉತ್ತರ ನನಗೆ ಬೇಡ. ಅದನ್ನು ಆಮೇಲೆ ಕೇಳುತ್ತೇನೆ, ಖಂಡಿತ ಕೇಳುತ್ತೇನೆ. ಮೊದಲು ಬೇಕಾದ್ದು ಅಪ್ಪನ ಉತ್ತರ.

ಇದನ್ನು ಹೇಳಿದಾಗಲೆಲ್ಲ ಮನೆಯವರು ಒಂದೇ ರೀತಿ ಅರ್ಥ ಮಾಡಿಕೊಳ್ಳುತ್ತಾರೆ: ಡಾಕ್ಟರು ಹಿರಿಯರಿಗೆ ಮರ್ಯಾದೆ ಕೊಡಬೇಕು ಅಂತಿದ್ದಾರೆ. "ಅಯ್ಯೋ, ನಮ್ಮನೇಲಿ ಅವರಿಗೆ ಏನೂ ಕಮ್ಮಿ ಮಾಡಿಲ್ಲ ಡಾಕ್ಟ್ರೇ!" ಕಮ್ಮಿ ಮಾಡಿಲ್ಲ, ಒಪ್ಪಿದೆ. ನಾನು ಮರ್ಯಾದೆಯ ಮಾತಾಡುತ್ತಿಲ್ಲ. ಅವರನ್ನೇ ಕೇಳಿದರೆ ಬರೆಯುವ ಔಷಧಿ ಬೇರೆಯಾಗುತ್ತದೆ ಎನ್ನುತ್ತಿದ್ದೇನೆ. ಚೀಟಿಯೇ ಬದಲಾಗುತ್ತದೆ. ಇಷ್ಟು ಸಣ್ಣ ವಿಷಯ ತಲೆಗೆ ಹೋಗಲು ಯಾಕೆ ಇಷ್ಟು ಕಷ್ಟವೋ ನನಗೆ ಇನ್ನೂ ತಿಳಿದಿಲ್ಲ. ಹಾಗಾಗಿ ಎರಡು ಉದಾಹರಣೆ ಕೊಡುತ್ತೇನೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.

ಒಬ್ಬ ಅಜ್ಜಿ. ಕರೆತಂದದ್ದು ಮಗಳು. "ಅಮ್ಮ ಮನೆ ಬಿಟ್ಟು ಹೊರಗೇ ಬರ್ತಿಲ್ಲ. ಮೊದಲು ದಿನಾ ಬೆಳಗ್ಗೆ ಗೆಳತಿಯರ ಜೊತೆ ವಾಕಿಂಗ್ ಹೋಗ್ತಿದ್ರು. ಈಗ ಮಂಕಾಗಿದ್ದಾರೆ, ಮರೆವೂ ಶುರುವಾಗಿದೆ. ಡಿಪ್ರೆಶನ್ ಇರಬಹುದಾ?" ಇರಬಹುದು. ಮಗಳು ಹೇಳಿದ್ದರಲ್ಲಿ ಒಂದೂ ಸುಳ್ಳಲ್ಲ. ಅವಳ ಮಾತಿನ ಮೇಲೆಯೇ ನಡೆದಿದ್ದರೆ ಒಂದು ಖಿನ್ನತೆಯ ಮಾತ್ರೆ ಬರೆದು, ಮರೆವಿಗೆ ಒಂದು ಪರೀಕ್ಷೆ ಹೇಳಿ ಕಳಿಸುತ್ತಿದ್ದೆ.

ಮಗಳನ್ನು ಹಳೆಯ ಇಸಿಜಿ ತರಲು ಹೊರಗೆ ಕಳಿಸಿದೆ. (ಇಸಿಜಿ ನನಗೆ ಅಷ್ಟೇನೂ ಬೇಕಿರಲಿಲ್ಲ.) ಬಾಗಿಲು ಮುಚ್ಚಿತು. ಅಜ್ಜಿ ಸೆರಗಿನ ತುದಿಯನ್ನು ಬೆರಳಿಗೆ ಒಂದು ಸುತ್ತು ಸುತ್ತಿದರು, ಬಿಚ್ಚಿದರು, ಮತ್ತೆ ಸುತ್ತಿದರು. ಆಮೇಲೆ ಮೆಲ್ಲಗೆ, "ಬೆಳಗ್ಗೆ ಮಾತ್ರೆ ತಗೊಂಡ್ರೆ ತಡ್ಕೊಳ್ಳಕ್ಕಾಗಲ್ಲ. ದಾರೀಲಿ ಒಂದ್ಸಲ ಸೀರೆ ಒದ್ದೆ ಆಯ್ತು. ಅವತ್ತಿಂದ ಹೋಗಿಲ್ಲ. ಮಗಳಿಗೆ ಹೇಳ್ಬೇಡಿ" ಎಂದರು.

ಚೀಲದಲ್ಲಿದ್ದ ಮಾತ್ರೆಗಳನ್ನೆಲ್ಲ ಮೇಜಿನ ಮೇಲೆ ಸುರಿದು ನೋಡಿದೆ. ರಕ್ತದೊತ್ತಡಕ್ಕೆ ಆಮ್ಲೋಡಿಪಿನ್. ಒಳ್ಳೆಯ ಔಷಧಿ, ಆದರೆ ಕೆಲವರಿಗೆ ಅದರಿಂದ ಪಾದ ಊದಿಕೊಳ್ಳುತ್ತದೆ. ಊತ ನೋಡಿದ ಯಾರೋ ನೀರಿಳಿಸುವ ಮಾತ್ರೆ ಸೇರಿಸಿದ್ದಾರೆ. ಈ ಊತ ಮೈಯಲ್ಲಿ ನೀರು ತುಂಬಿ ಬಂದದ್ದಲ್ಲ, ಸಣ್ಣ ರಕ್ತನಾಳಗಳು ಹಿಗ್ಗಿ ಬಂದದ್ದು. ನೀರಿಳಿಸುವ ಮಾತ್ರೆಯಿಂದ ಹೆಚ್ಚೇನೂ ಉಪಯೋಗವಿಲ್ಲ, ಅದರಿಂದ ಹೆಚ್ಚುವುದು ಮೂತ್ರ. ಮೂತ್ರ ತಡೆಯಲಾಗುತ್ತಿಲ್ಲ ಎಂದು ಇನ್ನೊಬ್ಬರ ಹತ್ತಿರ ಹೇಳಿಕೊಂಡಿದ್ದಾರೆ, ಅವರು ಆಕ್ಸಿಬ್ಯುಟಿನಿನ್ ಬರೆದಿದ್ದಾರೆ. ಅದು ಬಾಯಿ ಒಣಗಿಸುತ್ತದೆ, ಮಲ ಕಟ್ಟುತ್ತದೆ, ವಯಸ್ಸಾದವರಲ್ಲಿ ತಲೆಯನ್ನೂ ಮಂಕಾಗಿಸುತ್ತದೆ. ಮಗಳು ಕಂಡ ಮರೆವಿಗೆ ಇದೂ ಒಂದು ಕಾರಣವಾಗಿರಬಹುದಿತ್ತು.

ಒಂದು ಮಾತ್ರೆಯ ಅಡ್ಡಪರಿಣಾಮವನ್ನು ಹೊಸ ಕಾಯಿಲೆ ಎಂದುಕೊಂಡು ಅದಕ್ಕೆ ಇನ್ನೊಂದು ಮಾತ್ರೆ ಕೊಡುವ ಈ ಸರಪಳಿಯನ್ನು ರೋಶನ್ ಮತ್ತು ಗುರ್ವಿಟ್ಜ್ ಎಂಬ ವೈದ್ಯರು 1990ರ ದಶಕದಲ್ಲೇ ಹೆಸರಿಟ್ಟು ವಿವರಿಸಿದ್ದಾರೆ. ನಾವು ಇನ್ನೂ ಕೊಂಡಿ ಪೋಣಿಸುತ್ತಲೇ ಇದ್ದೇವೆ. ಬಿಪಿ ಮಾತ್ರೆ ಬದಲಿಸಿದೆ, ಉಳಿದ ಎರಡನ್ನು ಒಂದೊಂದಾಗಿ ಇಳಿಸಿದೆ. ಎರಡು ತಿಂಗಳಿಗೆ ಅಜ್ಜಿ ಮತ್ತೆ ವಾಕಿಂಗಿಗೆ ಹೊರಟರು. ಮರೆವು ಪೂರ್ತಿ ಹೋಗಲಿಲ್ಲ, ಅದನ್ನೂ ಹೇಳಿಬಿಡಬೇಕು. ಸ್ವಲ್ಪ ಉಳಿದಿದೆ, ಅದರ ಮೇಲೆ ಕಣ್ಣಿಟ್ಟಿದ್ದೇವೆ.

ಇದನ್ನು ಓದಿ ಯಾರೂ ಮನೆಯಲ್ಲಿ ಮಾತ್ರೆ ನಿಲ್ಲಿಸಬೇಡಿ. ಹೃದಯ ದುರ್ಬಲವಾದವರಿಗೆ ನೀರಿಳಿಸುವ ಅದೇ ಮಾತ್ರೆ ಜೀವ ಉಳಿಸುತ್ತದೆ. ಯಾವುದನ್ನು ಬಿಡಬಹುದು, ಯಾವ ವೇಗದಲ್ಲಿ ಬಿಡಬಹುದು ಎನ್ನುವುದು ಒಬ್ಬೊಬ್ಬರಿಗೆ ಒಂದೊಂದು ಲೆಕ್ಕ.

ಎರಡನೆಯವರು ಕೈಗಡಿಯಾರ ರಿಪೇರಿ ಮಾಡುತ್ತಿದ್ದವರು. ಅಂಗಡಿ ಮುಚ್ಚಿ ವರ್ಷಗಳಾಗಿದ್ದರೂ ಮನೆಯ ಕಿಟಕಿ ಪಕ್ಕ ಮೇಜು ಹಾಕಿಕೊಂಡು ಪರಿಚಯದವರ ಗಡಿಯಾರ ಬಿಚ್ಚಿ ಜೋಡಿಸುತ್ತಿದ್ದರು. ಮಗ ಸಕ್ಕರೆಯ ಲೆಕ್ಕವನ್ನು ಹೆಮ್ಮೆಯಿಂದ ತೋರಿಸಿದ. ಮೂರು ತಿಂಗಳ ಸರಾಸರಿ (ಎಚ್‌ಬಿಎ1ಸಿ ಪರೀಕ್ಷೆ) 6.1. "ನನಗಿಂತ ಅಪ್ಪಂದೇ ಚೆನ್ನಾಗಿದೆ ಡಾಕ್ಟ್ರೇ! ಆದ್ರೆ ಕೈ ನಡುಗುತ್ತೆ ಅಂತಾರೆ, ಪಾರ್ಕಿನ್ಸನ್ ಏನಾದ್ರೂ ಇರಬಹುದಾ?"

ಅಪ್ಪನನ್ನು ಕೇಳಿದೆ. ಇಡೀ ದಿನ ನಡುಗುವುದಿಲ್ಲವಂತೆ. ಹನ್ನೊಂದು, ಹನ್ನೊಂದೂವರೆಗೆ ಶುರು. ಸ್ಕ್ರೂ ಹಿಡಿದ ಚಿಮುಟ ನಿಲ್ಲುವುದಿಲ್ಲ, ಹಣೆ ಬೆವರುತ್ತದೆ, ಊಟ ಮಾಡಿದರೆ ಸರಿಹೋಗುತ್ತದೆ. ಇಷ್ಟನ್ನು ಅವರು ಯಾರಿಗೂ ಹೇಳಿರಲಿಲ್ಲ, ಯಾಕೆಂದರೆ ಯಾರೂ ಕೇಳಿರಲಿಲ್ಲ. ಸಕ್ಕರೆ ತೀರಾ ಇಳಿದಾಗ ಆಗುವುದು ಹೀಗೆಯೇ. ಅವರು ತೆಗೆದುಕೊಳ್ಳುತ್ತಿದ್ದದ್ದು ಸಕ್ಕರೆ ಇಳಿಸುವ ಗ್ಲಿಬೆನ್‌ಕ್ಲಮೈಡ್. ದೇಹದಲ್ಲಿ ಬಹಳ ಹೊತ್ತು ಉಳಿಯುವ ಮಾತ್ರೆ. ಮೂತ್ರಪಿಂಡ ದಣಿದವರಲ್ಲಿ ಇನ್ನೂ ಹೆಚ್ಚು ಹೊತ್ತು. ವೃದ್ಧರಿಗೆ ಕೊಡದಿರುವುದು ಒಳಿತು ಎಂಬ ಔಷಧಿಗಳ ಪಟ್ಟಿಯೊಂದಿದೆ, 1991ರಲ್ಲಿ ಮಾರ್ಕ್ ಬಿಯರ್ಸ್ ಶುರುಮಾಡಿದ್ದು. ಅದರಲ್ಲಿ ಈ ಮಾತ್ರೆಯೂ ಬಹಳ ಕಾಲದಿಂದ ಇದೆ. ಹಲವು ಕಾಯಿಲೆ ಇರುವ ಹಿರಿಯರಿಗೆ ಸರಾಸರಿ 8ರೊಳಗಿದ್ದರೆ ಸಾಕು ಎಂದು ಮಧುಮೇಹದ ಮಾರ್ಗಸೂಚಿಗಳೇ ಹೇಳುತ್ತವೆ. ನಮ್ಮ ಗಡಿಯಾರದವರಿಗೆ 6.1 ಎಂದರೆ ಬಹುಮಾನವಲ್ಲ, ಅಪಾಯ.

ಮಗನಿಗೆ ಇದನ್ನು ಒಪ್ಪಿಸಲು ಅರ್ಧ ಗಂಟೆ ಹಿಡಿಯಿತು. ಸಕ್ಕರೆ ಏರಲು ಬಿಡಬೇಕು ಎಂದಾಗ ನಾನು ಅಪ್ಪನನ್ನು ಕೈಬಿಟ್ಟೆ ಎನ್ನುವ ಹಾಗೆ ನೋಡಿದ. "ವಯಸ್ಸಾಯ್ತು ಅಂತ ಹೀಗಾ?" ಎಂದ. ಅಲ್ಲಪ್ಪಾ. ವಯಸ್ಸಾಯಿತು ಎಂದು ಬಿಡುತ್ತಿಲ್ಲ. ಅವರಿಗೆ ಬೇಕಾದ್ದು ಸ್ಥಿರವಾದ ಕೈ. ಇನ್ನು ಇಪ್ಪತ್ತು ವರ್ಷದ ಮೇಲೆ ಬರಬಹುದಾದ ತೊಂದರೆ ತಪ್ಪಿಸಲು ಇವತ್ತಿನ ಕೈಯನ್ನು ಯಾಕೆ ನಡುಗಿಸಬೇಕು? ಇದೇ ಸಂಖ್ಯೆ ನಲವತ್ತೈದರವರದ್ದಾಗಿದ್ದರೆ ನಾನು ಬೆನ್ನು ತಟ್ಟುತ್ತಿದ್ದೆ.

ವ್ಯಕ್ತಿಕೇಂದ್ರಿತ ಆರೈಕೆ ಎಂದು ಸಮ್ಮೇಳನಗಳಲ್ಲಿ ದೊಡ್ಡದಾಗಿ ಹೇಳುವುದು ಇದನ್ನೇ. 2012ರಲ್ಲಿ ಬ್ಯಾರಿ ಮತ್ತು ಎಡ್ಜ್‌ಮನ್-ಲೆವಿಟನ್ ಎಂಬಿಬ್ಬರು ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬರೆದರು: "ನಿಮಗೇನಾಗಿದೆ?" ಎಂದು ಕೇಳುವ ಜೊತೆಗೆ "ನಿಮಗೇನು ಮುಖ್ಯ?" ಎಂದೂ ಕೇಳಿ. ಕೇಳಲು ಚೆಂದ. ಆದರೆ ಆ ಪ್ರಶ್ನೆಯನ್ನು ಹಾಗೆಯೇ ತಂದು ಅಜ್ಜನ ಮುಂದಿಟ್ಟರೆ ಆಗುವುದಿಲ್ಲ. ನಾನು ಶುರುವಿನಲ್ಲಿ ಹಾಗೇ ಮಾಡುತ್ತಿದ್ದೆ. "ನಿಮಗೆ ಜೀವನದಲ್ಲಿ ಏನು ಮುಖ್ಯ?" ಎಂದರೆ ಅವರು ಗಾಬರಿಯಾಗುತ್ತಿದ್ದರು. ಡಾಕ್ಟರು ಇಂಥ ಮಾತಾಡಿದರೆಂದರೆ ಕಾಲ ಹತ್ತಿರ ಬಂತು ಎಂದೇ ಅರ್ಥ! ಇಲ್ಲವಾದರೆ "ಎಲ್ಲಾ ಮಕ್ಕಳು ಚೆನ್ನಾಗಿದ್ರೆ ಸಾಕು" ಎಂಬ ಉತ್ತರ. ಅದರಿಂದ ನನಗೆ ಮಾತ್ರೆ ಬರೆಯಲಾಗುವುದಿಲ್ಲ.

ಈಗ "ನಿನ್ನೆ ಬೆಳಗ್ಗೆ ಎದ್ದಮೇಲೆ ಏನೇನು ಮಾಡಿದಿರಿ?" ಎಂದು ಕೇಳುತ್ತೇನೆ. ಆಮೇಲೆ, "ಹೋದ ವರ್ಷ ಮಾಡುತ್ತಿದ್ದು ಈ ವರ್ಷ ಬಿಟ್ಟದ್ದು ಯಾವುದು?" ಈ ಎರಡನೆಯದರಲ್ಲಿ ಎಲ್ಲವೂ ಹೊರಬೀಳುತ್ತದೆ. ಪೇಪರ್ ಓದುವುದು ಬಿಟ್ಟೆ (ಕಣ್ಣಿನ ಪೊರೆ). ಮಹಡಿ ಹತ್ತುವುದು ಬಿಟ್ಟೆ (ಮಂಡಿಯೋ, ಉಸಿರೋ, ಬೀಳುವ ಭಯವೋ, ಮೂರಕ್ಕೂ ಬೇರೆ ಬೇರೆ ದಾರಿ). ಫೋನಿನಲ್ಲಿ ಮಾತಾಡುವುದು ಬಿಟ್ಟೆ.

ಫೋನ್ ಬಿಟ್ಟರು ಎಂದರೆ ಕಿವಿ. ಮಗ ಉತ್ತರ ಕೊಡುವ ಅಭ್ಯಾಸಕ್ಕೂ ಅರ್ಧ ಕಾರಣ ಇದೇ. ವಯಸ್ಸಿನ ಕಿವುಡು ಮೊದಲು ಎತ್ತರದ ಸ್ವರಗಳನ್ನು ತಿನ್ನುತ್ತದೆ. ಸ, ಶ, ತ, ಕದಂಥ ಅಕ್ಷರಗಳು ಕರಗುತ್ತವೆ, ಅ, ಓ, ಊ ಉಳಿಯುತ್ತವೆ. ಸದ್ದು ಕೇಳುತ್ತದೆ, ಮಾತು ತಿಳಿಯುವುದಿಲ್ಲ. "ಬೇಕಾದಾಗ ಕೇಳ್ಸುತ್ತೆ, ಬೇಡ್ದಿದ್ದಾಗ ಕೇಳ್ಸಲ್ಲ" ಎಂದು ಸೊಸೆ ನಗುತ್ತಾ ಹೇಳುವುದು ಪಾಪ, ಅವರ ನಾಟಕವಲ್ಲ. ಕಿರುಚಿದರೆ ದನಿ ಇನ್ನೂ ಎತ್ತರಕ್ಕೆ ಹೋಗಿ ಮತ್ತಷ್ಟು ಕೆಡುತ್ತದೆ. ಎದುರಿಗೆ ಬನ್ನಿ, ಬೆಳಕು ನಿಮ್ಮ ಮುಖದ ಮೇಲಿರಲಿ, ದನಿಯ ಶ್ರುತಿ ತಗ್ಗಿಸಿ ನಿಧಾನವಾಗಿ ಹೇಳಿ. ಹೇಳಿದ ಮೇಲೆ ಕಾಯಿರಿ. ನಾನು ಮನಸ್ಸಿನಲ್ಲೇ ಹತ್ತು ಎಣಿಸುತ್ತೇನೆ. ಆರೋ ಏಳೋ ಎನ್ನುವಷ್ಟರಲ್ಲಿ ಹಿರಿಯರು ಬಾಯಿ ತೆರೆಯುತ್ತಾರೆ. ಮಗ ಮೂರಕ್ಕೇ ತೆರೆದಿರುತ್ತಾನೆ.

ಇನ್ನು ಕೆಲವರು ತಾವಾಗಿಯೇ "ಅವನನ್ನೇ ಕೇಳಿ, ನಂಗೇನು ಗೊತ್ತಾಗುತ್ತೆ" ಎನ್ನುತ್ತಾರೆ. ಅದೂ ಅವರ ಆಯ್ಕೆ, ನಾನು ಒತ್ತಾಯಿಸುವುದಿಲ್ಲ. ನಿರ್ಧಾರ ಮಗನಿಗೆ ಬಿಟ್ಟರೂ ನಿನ್ನೆಯ ದಿನ ಹೇಗೆ ಕಳೆಯಿತು ಎಂದು ಹೇಳಬಲ್ಲವರು ಅವರೊಬ್ಬರೇ. ಡಿಮೆನ್ಷಿಯಾ ಇರುವವರ ಬಗ್ಗೆಯೂ ಅಷ್ಟೆ. ಆಪರೇಶನ್ನಿನ ಒಪ್ಪಿಗೆ ಕೊಡುವಷ್ಟು ಬುದ್ಧಿ ಓಡದವರಿಗೂ ಯಾರು ಸ್ನಾನ ಮಾಡಿಸಿದರೆ ಹಿತ, ಯಾವ ಅಂಗಿ ಚುಚ್ಚುತ್ತದೆ ಎಂಬುದು ಗೊತ್ತಿರುತ್ತದೆ. ತೀರ್ಮಾನಿಸುವ ಶಕ್ತಿ ಒಂದೇ ಸಲಕ್ಕೆ ಎಲ್ಲ ವಿಷಯಕ್ಕೂ ಹೋಗುವುದಿಲ್ಲ. "ಮಗು ಥರ ಆಗ್ಬಿಟ್ಟಿದ್ದಾರೆ" ಎನ್ನುವ ಮಾತು ನನಗೆ ಆಗಿಬರುವುದಿಲ್ಲ. ಯಾವ ಮಗುವಿಗೂ ಎಂಬತ್ತು ವರ್ಷದ ನೆನಪಿಲ್ಲ.

ನಾನೇನು ಸಾಚಾ ಅಲ್ಲ. ವರ್ಷಗಳ ಹಿಂದೆ, ಮೆಟ್ಟಿಲಲ್ಲಿ ಜಾರಿದ ಹಿರಿಯರೊಬ್ಬರಿಗೆ ಮೂಳೆ ಮುರಿಯದಿದ್ದರೂ "ಸ್ವಲ್ಪ ದಿನ ಹಾಸಿಗೆ ಬಿಟ್ಟು ಏಳಬೇಡಿ" ಎಂದೆ. ಮನೆಯವರನ್ನು ನೋಡಿ ಹೇಳಿದೆ, ಅವರನ್ನು ನೋಡಿ ಅಲ್ಲ. ಮನೆಯವರು ಚಾಚೂ ತಪ್ಪದೆ ಪಾಲಿಸಿದರು. ಮೂರು ವಾರದ ಮೇಲೆ ಹಿರಿಯರು ಗಾಲಿಕುರ್ಚಿಯಲ್ಲಿ ಬಂದರು. 2007ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನದಲ್ಲಿ ಆರೋಗ್ಯವಾಗಿದ್ದ ಹಿರಿಯರನ್ನು ಹತ್ತು ದಿನ ಹಾಸಿಗೆಯಲ್ಲೇ ಇರಿಸಿದರು. ಕಾಲುಗಳಿಂದ ಒಂದು ಕೆಜಿಯ ಹತ್ತಿರ ಸ್ನಾಯು ಕರಗಿತ್ತು. 1935ರಲ್ಲೇ ಲಂಡನ್ನಿನ ವೈದ್ಯೆ ಮಾರ್ಜೊರಿ ವಾರೆನ್, ವಾಸಿಯಾಗದವರು ಎಂದು ಹಾಸಿಗೆಗೆ ಹಾಕಿದ್ದ 700ಕ್ಕೂ ಹೆಚ್ಚು ರೋಗಿಗಳ ಹೊಣೆ ಹೊತ್ತು, ಒಬ್ಬೊಬ್ಬರನ್ನೇ ಪರೀಕ್ಷಿಸಿ ಎಷ್ಟೋ ಜನರನ್ನು ಎಬ್ಬಿಸಿ ನಡೆಸಿದ್ದರು. ಓದಿಕೊಂಡಿದ್ದೆ, ಪರೀಕ್ಷೆಯಲ್ಲೂ ಬರೆದಿದ್ದೆ. ಆ ಹಿರಿಯರನ್ನು ಕೇಳಿದ್ದರೆ, "ಎದ್ದು ಓಡಾಡ್ತೀನಿ ಡಾಕ್ಟ್ರೇ, ಮೆಟ್ಟಿಲಿಗೆ ಒಂದು ಹಿಡಿಕೆ ಹಾಕಿಸಿಕೊಡಿ ಸಾಕು" ಎನ್ನುತ್ತಿದ್ದರು. ಇದು ನನ್ನ ಊಹೆಯಲ್ಲ. ಆಮೇಲೆ ಅವರೇ ಹೇಳಿದರು. ಕೋಲು ಹಿಡಿದು ನಡೆಯುವ ಹಾಗಾಗಲು ನಾಲ್ಕು ತಿಂಗಳು ವ್ಯಾಯಾಮ ಬೇಕಾಯಿತು. ಕೋಲು ಉಳಿದೇಹೋಯಿತು.

ಹಾಗೆಂದು ಹಿರಿಯರು ಹೇಳಿದ್ದೆಲ್ಲವನ್ನೂ ನಾನು ಒಪ್ಪುವುದಿಲ್ಲ. ರಾತ್ರಿ ಕಾರು ಓಡಿಸುತ್ತೇನೆ ಎಂದವರೊಂದಿಗೆ ಜಗಳವಾಡಿದ್ದೇನೆ. ಮನೆಯವರ ಮಾತೂ ಬೇಕು: ರಾತ್ರಿ ಎಷ್ಟು ಸಲ ಎದ್ದರು, ಗ್ಯಾಸ್ ಆರಿಸುವುದು ಮರೆತರೇ, ಹಣದ ಲೆಕ್ಕ ತಪ್ಪುತ್ತಿದೆಯೇ ಎಂಬುದೆಲ್ಲ ಅವರಿಗೇ ಗೊತ್ತು. ನನ್ನ ಕೋಣೆಯಲ್ಲಿ ಈಗ ಒಂದು ಕುರ್ಚಿ ಮೇಜಿನ ಪಕ್ಕಕ್ಕಿದೆ, ನನ್ನ ಮೊಣಕಾಲಿಗೆ ತಾಗುವಷ್ಟು ಹತ್ತಿರ, ಅದು ಹಿರಿಯರದ್ದು. ಇನ್ನೊಂದು ಅವರ ಹಿಂದೆ, ಗೋಡೆಗೆ ಒತ್ತಿಕೊಂಡಿದೆ. ಬಂದವರು ಹೆಚ್ಚಾಗಿ ಅದನ್ನು ಮುಂದಕ್ಕೆಳೆದುಕೊಂಡೇ ಕೂರುತ್ತಾರೆ. ನಾನು ಎದ್ದು ವಾಪಸ್ ಇಡುತ್ತೇನೆ.

ಮುಂದಿನ ಸಲ ಬರುವಾಗ ಮಾತ್ರೆಗಳನ್ನು ಡಬ್ಬಿ ಸಮೇತ ಚೀಲದಲ್ಲಿ ಹಾಕಿ ತನ್ನಿ, ನಿದ್ದೆಗೆಂದು ನೀವೇ ಕೊಂಡು ಕೊಟ್ಟಿದ್ದನ್ನೂ ಸೇರಿಸಿ. ಕನ್ನಡಕ, ಹಲ್ಲಿನ ಸೆಟ್ಟು, ಕಿವಿಯ ಮಷಿನ್ ಮನೆಯಲ್ಲಿ ಬಿಟ್ಟು ಬರಬೇಡಿ. ಮಷಿನ್ನಿಗೆ ಬ್ಯಾಟರಿ ಇದೆಯಾ ಅಂತ ಹೊರಡುವ ಮುಂಚೆಯೇ ನೋಡಿ, ನನ್ನ ಬಾಗಿಲ ಹತ್ತಿರ ಬಂದ ಮೇಲಲ್ಲ.