ಔಷಧ ಹಚ್ಚಿದರೂ ಮಗುವಿನ ಕಜ್ಜಿ ಯಾಕೆ ಮತ್ತೆ ಮತ್ತೆ ಬರುತ್ತದೆ?

ಪ್ರಶ್ನೆ: ನಮ್ಮ ಮಗನಿಗೆ ನಾಲ್ಕು ವರ್ಷ. ಎರಡು ತಿಂಗಳಿಂದ ಮೈಯೆಲ್ಲಾ ತುರಿಕೆ, ರಾತ್ರಿ ಮಲಗಿದ ಮೇಲಂತೂ ವಿಪರೀತ. ಡಾಕ್ಟರು ಕಜ್ಜಿ ಅಂತ ಹೇಳಿ ಕ್ರೀಮ್ ಕೊಟ್ಟರು. ಹಚ್ಚಿದೆವು, ಕಡಿಮೆಯಾಯಿತು, ಮೂರು ವಾರಕ್ಕೆ ಮತ್ತೆ ಶುರು. ಎರಡು ಸಲ ಹೀಗೇ ಆಯಿತು. ಮನೆ ಚೊಕ್ಕಟವಾಗೇ ಇದೆ, ದಿನಾ ಸ್ನಾನ ಮಾಡಿಸುತ್ತೇವೆ. ನಮ್ಮತ್ತೆ ಬದನೆಕಾಯಿ ನಂಜು ಅಂತಾರೆ. ಔಷಧವೇ ಸರಿಯಿಲ್ಲವಾ? ಸ್ಕೂಲಿಗೆ ಕಳಿಸಬಹುದಾ?

ಉತ್ತರ: ಔಷಧ ಬಹುಶಃ ಸರಿಯಾಗೇ ಇದೆ. ಮಗನಿಗೆ ಹಚ್ಚಿದಿರಿ, ಸರಿ. ನೀವು ಹಚ್ಚಿಕೊಂಡಿರಾ? ಅವರಪ್ಪ? ಅತ್ತೆ? ನಿಮ್ಮ ಪ್ರಶ್ನೆಯಲ್ಲಿ ಆ ಮಾತು ಎಲ್ಲೂ ಇಲ್ಲ, ಎಡವಟ್ಟು ಆಗಿರುವುದು ಹೆಚ್ಚಾಗಿ ಅಲ್ಲೇ.

ನಮ್ಮ ಮನೆಯಲ್ಲೂ ಹೀಗೇ ಆಗಿತ್ತು, ಅದಕ್ಕೇ ಇಷ್ಟು ಧೈರ್ಯವಾಗಿ ಕೇಳುತ್ತಿದ್ದೇನೆ. ಮಗಳಿಗೆ ಕಜ್ಜಿ ಆದಾಗ ಡಾಕ್ಟರು "ಮನೆಯವರೆಲ್ಲಾ ಒಂದೇ ರಾತ್ರಿ ಹಚ್ಚಿಕೊಳ್ಳಿ" ಅಂತ ಚೀಟಿಯಲ್ಲಿ ಬರೆದೇ ಕೊಟ್ಟಿದ್ದರು. ನಾನೂ ನಮ್ಮೆಜಮಾನರೂ ಹಚ್ಚಿಕೊಂಡೆವು. ನಮ್ಮಮ್ಮ ಮಾತ್ರ "ನನಗೇನಾಗಿದೆ, ಒಂದು ಗುಳ್ಳೆ ಇಲ್ಲ, ನನಗ್ಯಾಕೆ ಅದು" ಅಂತ ಟ್ಯೂಬ್ ಪಕ್ಕಕ್ಕಿಟ್ಟರು. ನಾವೂ ಜಾಸ್ತಿ ಒತ್ತಾಯ ಮಾಡಲಿಲ್ಲ. ಮಗಳು ಮಲಗುತ್ತಿದ್ದದ್ದು ಅಜ್ಜಿಯ ಮಗ್ಗುಲಲ್ಲೇ, ಅವರದೇ ಕೌದಿ ಹೊದ್ದು. ತಿಂಗಳೊಳಗೆ ಮಗಳ ಬೆರಳ ಸಂದಿಯಲ್ಲಿ ಮತ್ತೆ ಗುಳ್ಳೆ ಎದ್ದವು, ಆಮೇಲೆ ಅಮ್ಮನಿಗೂ ತುರಿಕೆ ಶುರುವಾಯಿತು. ಅವರ ಮೈಯಲ್ಲಿ ಕಜ್ಜಿ ತರುವ ಹುಳ ಆಗಲೇ ಇತ್ತು, ಗೊತ್ತಾಗುತ್ತಿರಲಿಲ್ಲ ಅಷ್ಟೇ.

ಇದು ಹೇಗೆ ಸಾಧ್ಯ ಅಂದರೆ, ಕಜ್ಜಿ ಮೊದಲ ಸಲ ಅಂಟಿದಾಗ ತುರಿಕೆ ಶುರುವಾಗಲು 4ರಿಂದ 6 ವಾರ ಬೇಕು. ತುರಿಕೆ ಬರುವುದು ಹುಳ ಕಚ್ಚಿದ್ದಕ್ಕಲ್ಲ. ಹುಳ, ಅದರ ಮೊಟ್ಟೆ, ಹಿಕ್ಕೆ ಇವಕ್ಕೆ ನಮ್ಮ ಮೈ ತೋರಿಸುವ ಅಲರ್ಜಿ ಅದು. ಆ ಅಲರ್ಜಿ ಹುಟ್ಟುವ ತನಕ ಮನುಷ್ಯ ಆರಾಮಾಗಿ ಓಡಾಡಿಕೊಂಡಿರುತ್ತಾನೆ, ಪಕ್ಕದಲ್ಲಿ ಮಲಗಿದವರಿಗೆ ಅಂಟಿಸುತ್ತಲೂ ಇರುತ್ತಾನೆ. ಒಮ್ಮೆ ಆಗಿ ಹೋದವರಿಗೆ ಎರಡನೇ ಸಲ ಅಂಟಿದರೆ ಒಂದೆರಡು ದಿನದಲ್ಲೇ ತುರಿಕೆ ಬರಬಹುದು, ಯಾಕೆಂದರೆ ಮೈಗೆ ಅದರ ಗುರುತು ಸಿಕ್ಕಿರುತ್ತದೆ.

ಈ ಹುಳ ಎಷ್ಟು ಚಿಕ್ಕದು ಅಂದರೆ ಹೆಣ್ಣು ಹುಳದ ಉದ್ದ ಅರ್ಧ ಮಿಲಿಮೀಟರ್ ಕೂಡ ಇಲ್ಲ. ಎಂಟು ಕಾಲು, ಉಣ್ಣೆಯ ಜಾತಿಗೆ ಹತ್ತಿರದ್ದು. ಚರ್ಮದ ಮೇಲ್ಪದರದಲ್ಲಿ ಸುರಂಗ ಕೊರೆಯುತ್ತಾ ದಿನಕ್ಕೆ ಎರಡು ಮೂರು ಮೊಟ್ಟೆ ಇಡುತ್ತಾ ಹೋಗುತ್ತದೆ. ಸಾಮಾನ್ಯವಾಗಿ ಒಬ್ಬರ ಮೈಯಲ್ಲಿ ಇರುವುದು ಹತ್ತು ಹದಿನೈದು ಹುಳ, ಅಷ್ಟಕ್ಕೇ ಇಷ್ಟು ಗೋಳು. ಇಟಲಿಯ ಬೊನೊಮೊ ಎಂಬ ವೈದ್ಯ 1687ರಲ್ಲಿ ಈ ಹುಳದ ಬಗ್ಗೆ ಬರೆದ. ಬಡ ಹೆಂಗಸರು ತಮ್ಮ ಮಕ್ಕಳ ಗುಳ್ಳೆಗಳಿಂದ ಸೂಜಿಮೊನೆಯಲ್ಲಿ ಏನನ್ನೋ ಕೀಳುವುದನ್ನು ಕಂಡು, ಅದೇನೆಂದು ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಿದ. ಡಾಕ್ಟರುಗಳು ಇನ್ನೂ ರಕ್ತ ಕೆಟ್ಟಿದೆ ಅನ್ನುತ್ತಿದ್ದ ಕಾಲಕ್ಕೆ ತಾಯಂದಿರಿಗೆ ಹುಳದ ಸಂಗತಿ ಗೊತ್ತಿತ್ತು. ನನಗೆ ಇದು ಬಹಳ ಇಷ್ಟದ ವಿಷಯ.

ಹಾಗಾಗಿ ಅತ್ತೆಯವರಿಗೆ ಸಮಾಧಾನವಾಗಿ ಹೇಳಿ, ಬದನೆಕಾಯಿಯ ತಪ್ಪೇನೂ ಇಲ್ಲ. ನೀರು ಬದಲಾಗಿದ್ದಕ್ಕೂ ಅಲ್ಲ. ಮನೆ ಚೊಕ್ಕಟವಾಗಿದೆ ಅಂತ ನೀವು ಬರೆದಿದ್ದು ಓದಿ ಬೇಜಾರಾಯಿತು, ಏಕೆಂದರೆ ಆ ಮಾತಿನ ಹಿಂದೆ ಎಷ್ಟು ಮುಜುಗರ ಇರುತ್ತದೆ ಅಂತ ನನಗೆ ಗೊತ್ತು. ಕಜ್ಜಿ ಕೊಳಕಿನಿಂದ ಬರುವುದಲ್ಲ. ಮೈಗೆ ಮೈ ತಾಗಿ ಬರುವುದು. ಅದೂ ಒಂದು ಕ್ಷಣ ಕೈ ಕುಲುಕಿದರೆ ಸಾಮಾನ್ಯವಾಗಿ ಅಂಟುವುದಿಲ್ಲ. ಎತ್ತಿಕೊಳ್ಳುವುದು, ತಬ್ಬಿಕೊಂಡು ಮಲಗುವುದು, ಇಂಥ ಹೊತ್ತು ಹಿಡಿಯುವ ಸ್ಪರ್ಶ ಬೇಕು. ಅಂದರೆ ಮುದ್ದು ಮಾಡುವ ಮನೆಯಲ್ಲೇ ಬೇಗ ಹರಡುತ್ತದೆ. ಒಂದೇ ಕೋಣೆಯಲ್ಲಿ ಹತ್ತಾರು ಮಕ್ಕಳು ಮಲಗುವ ಹಾಸ್ಟೆಲ್‌ಗಳಲ್ಲೂ ಅಷ್ಟೇ, ದಸರಾ ರಜೆಗೆ ಅಣ್ಣನೋ ಅಕ್ಕನೋ ಮನೆಗೆ ಬಂದ ಮೇಲೆ ಚಿಕ್ಕವರಿಗೂ ಶುರುವಾಗುವುದುಂಟು. ಸೋಪು ಹಾಕಿ ಎಷ್ಟು ಉಜ್ಜಿದರೂ ಚರ್ಮದೊಳಗಿನ ಹುಳಕ್ಕೆ ಏನೂ ಆಗುವುದಿಲ್ಲ, ಮಗುವಿನ ಮೈ ಉರಿಯುತ್ತದೆ ಅಷ್ಟೇ. ಬೇವಿನ ನೀರಿನ ಸ್ನಾನ ಹಿತವಾದರೆ ಮಾಡಿಸಿ, ಆದರೆ ಅದನ್ನೇ ಔಷಧ ಅಂತ ನಂಬಿ ಕೂರಬೇಡಿ.

ಇದು ಕಜ್ಜಿಯೇ ಹೌದಾ ಅನ್ನುವುದನ್ನೂ ಇನ್ನೊಮ್ಮೆ ನೋಡಿಬಿಡಿ. ಹಗಲು ಬೆಳಕಿನಲ್ಲಿ ಮಗನನ್ನು ಕಿಟಕಿ ಹತ್ತಿರ ಕೂರಿಸಿಕೊಂಡು ಬೆರಳ ಸಂದಿ, ಮಣಿಕಟ್ಟಿನ ಒಳಭಾಗ, ಕಂಕುಳು, ಹೊಕ್ಕುಳ ಸುತ್ತ, ಕುಂಡಿ, ಗಂಡುಮಕ್ಕಳಲ್ಲಿ ಮೂತ್ರದ ಜಾಗ ನೋಡಿ. ಸಣ್ಣ ಗುಳ್ಳೆಗಳ ನಡುವೆ ಪೆನ್ಸಿಲ್‌ನಲ್ಲಿ ಎಳೆದಂಥ ತೆಳು, ಸೊಟ್ಟ, ಅರ್ಧ ಸೆಂಟಿಮೀಟರ್ ಗೆರೆ ಕಂಡರೆ ಅದೇ ಸುರಂಗ. ಎಲ್ಲರಲ್ಲೂ ಅದು ಕಾಣುವುದಿಲ್ಲ. ರಾತ್ರಿ ಜಾಸ್ತಿಯಾಗುವ ತುರಿಕೆ, ಮನೆಯಲ್ಲಿ ಇನ್ನೊಬ್ಬರಿಗೂ ತುರಿಕೆ, ಈ ಎರಡೇ ದೊಡ್ಡ ಸುಳಿವು. ವರ್ಷ ತುಂಬದ ಕೂಸಿಗಾದರೆ ಅಂಗೈ, ಅಂಗಾಲು, ತಲೆಯಲ್ಲೂ ಗುಳ್ಳೆ ಏಳುತ್ತವೆ.

ಬೇರೆ ಗುಳ್ಳೆಗಳ ಲೆಕ್ಕವೇ ಬೇರೆ. ಬೆವರುಸಾಲೆ ಬೇಸಿಗೆಯಲ್ಲಿ ಕತ್ತು, ಬೆನ್ನು, ಹಣೆಯಲ್ಲಿ ಚುಚ್ಚುತ್ತದೆ, ತಣ್ಣಗಿನ ಜಾಗಕ್ಕೆ ಬಂದರೆ ಇಳಿಯುತ್ತದೆ. ಇಸುಬು ಒಣ ಚರ್ಮದ ಮಕ್ಕಳಲ್ಲಿ, ಕೂಸಾದರೆ ಕೆನ್ನೆ, ದೊಡ್ಡದಾದರೆ ಮೊಣಕೈ ಮಡಿಕೆ, ಮೊಣಕಾಲ ಹಿಂಭಾಗ, ಅದು ಯಾರಿಗೂ ಅಂಟುವುದಿಲ್ಲ. ಹುಳುಕಡ್ಡಿ ಬಳೆಯಂತೆ ಗುಂಡಗೆ, ಅಂಚು ಉಬ್ಬಿ ನಡುವೆ ತಿಳಿಯಾಗಿರುತ್ತದೆ. ಜ್ವರ ಬಂದು ನೀರುಗುಳ್ಳೆ ಎದ್ದರೆ, ಅಂದರೆ ಅಮ್ಮ ಎದ್ದಿದ್ದರೆ, ಅಥವಾ ಬಾಯಲ್ಲಿ ಹುಣ್ಣಾಗಿ ಅಂಗೈ ಅಂಗಾಲಲ್ಲಿ ಗುಳ್ಳೆ ಬಂದಿದ್ದರೆ ಅದು ಒಂದು ವಾರ ಹತ್ತು ದಿನದ ಮಾತು. ಎರಡು ತಿಂಗಳು ಎಳೆಯುವುದಿಲ್ಲ.

ಒಂದು ವಿಷಯ ಮಾತ್ರ ಕಟ್ಟುನಿಟ್ಟಾಗಿ ಹೇಳುತ್ತೇನೆ. ಮೆಡಿಕಲ್ ಶಾಪಿಗೆ ಹೋಗಿ "ತುರಿಕೆಗೆ ಒಂದು ಟ್ಯೂಬ್ ಕೊಡಿ" ಅಂತ ಕೇಳಬೇಡಿ. ಹಾಗೆ ಕೇಳಿದರೆ ಸಿಗುವ ಕ್ರೀಮ್‌ಗಳಲ್ಲಿ ಹೆಚ್ಚಿನವುಗಳಲ್ಲಿ ಸ್ಟೆರಾಯ್ಡ್ ಇರುತ್ತದೆ. ಹಚ್ಚಿದ ಎರಡೇ ದಿನಕ್ಕೆ ಕೆಂಪು ಇಳಿದು ತುರಿಕೆ ನಿಲ್ಲುವುದರಿಂದ ಒಳ್ಳೆ ಔಷಧ ಅನಿಸುತ್ತದೆ, ಒಳಗೆ ಹುಳ ಹಾಯಾಗಿ ಹೆಚ್ಚುತ್ತಿರುತ್ತದೆ, ಕೊನೆಗೆ ಡಾಕ್ಟರಿಗೂ ಗುರುತು ಸಿಗದಷ್ಟು ರೂಪ ಬದಲಾಗಿರುತ್ತದೆ. ಹುಳುಕಡ್ಡಿಗೂ ಇದೇ ಗತಿ. ಇಂಥ ಹಲವು ಸ್ಟೆರಾಯ್ಡ್ ಕ್ರೀಮ್‌ಗಳನ್ನು ಚೀಟಿ ಇಲ್ಲದೆ ಮಾರಬಾರದು ಅಂತ ಕೇಂದ್ರ ಸರ್ಕಾರ 2018ರಲ್ಲೇ ನಿಯಮ ಮಾಡಿದೆ. ಆದರೂ ಕೌಂಟರ್ ಮೇಲೆ ಸಲೀಸಾಗಿ ಸಿಗುತ್ತವೆ.

ಈಗ ಹಚ್ಚುವ ಕ್ರಮಕ್ಕೆ ಬರೋಣ, ಇಲ್ಲಿ ಆತುರ ಬೇಡ. ನಿಮಗೆ ಕೊಟ್ಟಿರುವುದು ಪರ್ಮೆತ್ರಿನ್ 5% ಕ್ರೀಮ್ ಇರಬೇಕು, ಟ್ಯೂಬ್ ಮೇಲೆ ನೋಡಿ. ಎಲ್ಲರಿಗೂ ರಜೆ ಇರುವ ದಿನದ ಹಿಂದಿನ ರಾತ್ರಿ ಆರಿಸಿಕೊಳ್ಳಿ. ಎಲ್ಲರ ಉಗುರೂ ಕತ್ತರಿಸಿ. ಬಿಸಿನೀರು ಸ್ನಾನ ಮಾಡಿಸಿ ತಕ್ಷಣ ಹಚ್ಚಬೇಡಿ, ಮೈ ಒಣಗಿ ತಣ್ಣಗಿರಬೇಕು. ಗುಳ್ಳೆ ಇರುವ ಜಾಗಕ್ಕಷ್ಟೇ ಹಚ್ಚುವುದು ಎರಡನೇ ದೊಡ್ಡ ತಪ್ಪು. ಕತ್ತಿನಿಂದ ಕೆಳಗೆ ಅಂಗಾಲಿನ ತನಕ ಒಂದು ಇಂಚೂ ಬಿಡದೆ ಸವರಬೇಕು. ನಿಮ್ಮ ಮಗನಂಥ ಚಿಕ್ಕ ಮಕ್ಕಳಿಗೆ ಕಿವಿ ಹಿಂದೆ, ಹಣೆ, ತಲೆಗೂ ಹಚ್ಚಲು ಡಾಕ್ಟರು ಹೇಳಬಹುದು, ಕಣ್ಣು ಬಾಯಿ ಬಿಟ್ಟು. ಬೆರಳ ಸಂದಿ, ಕಾಲ್ಬೆರಳ ಸಂದಿ, ಹೊಕ್ಕುಳ ಒಳಗೆ, ಉಗುರಿನ ಅಡಿ. ಉಡಿದಾರ ಇದ್ದರೆ ಬಿಚ್ಚಿ, ಅದರ ಕೆಳಗಿನ ಗೆರೆ ಹುಳಕ್ಕೆ ಒಳ್ಳೆ ಅಡಗುತಾಣ. ಬಳೆ, ಕಾಲ್ಗೆಜ್ಜೆ, ಉಂಗುರಕ್ಕೂ ಇದೇ ಮಾತು. ದೊಡ್ಡವರೊಬ್ಬರಿಗೆ ಸುಮಾರು 30 ಗ್ರಾಂ ಬೇಕು. ಒಂದು ಚಿಕ್ಕ ಟ್ಯೂಬನ್ನು ನಾಲ್ಕು ಜನ ಹಂಚಿಕೊಂಡರೆ ಯಾರಿಗೂ ಸಾಲುವುದಿಲ್ಲ.

8ರಿಂದ 14 ಗಂಟೆ ಮೈಮೇಲೆ ಇರಬೇಕು. ನಡುರಾತ್ರಿ ಮಗನ ಕುಂಡಿ ತೊಳೆಸಿದರೆ, ನೀವು ಕೈ ತೊಳೆದರೆ, ಆ ಜಾಗಕ್ಕೆ ಮತ್ತೆ ಹಚ್ಚಿ. ಬೆರಳು ಚೀಪುವ ಅಭ್ಯಾಸ ಇದ್ದರೆ ಕೈಗೆ ಕಾಲುಚೀಲ ಹಾಕಿ ಮಲಗಿಸಿ. ಬೆಳಿಗ್ಗೆ ಸ್ನಾನ. ಸರಿಯಾಗಿ ಒಂದು ವಾರ ಬಿಟ್ಟು ಇಡೀ ಕ್ರಮವನ್ನು ಎಲ್ಲರೂ ಇನ್ನೊಮ್ಮೆ ಮಾಡಬೇಕು. ಮೊದಲ ಸಲ ಉಳಿದುಹೋದ ಮೊಟ್ಟೆ ಅಷ್ಟರಲ್ಲಿ ಒಡೆದು ಮರಿ ಆಚೆ ಬಂದಿರುತ್ತದೆ. ಗುಳ್ಳೆ ಇಳಿಯಿತಲ್ಲ ಅಂತ ಈ ಎರಡನೇ ಸುತ್ತು ಬಿಡುವವರೇ ಜಾಸ್ತಿ.

ಅದೇ ಬೆಳಿಗ್ಗೆ, ಹಿಂದಿನ ಮೂರು ದಿನ ಉಟ್ಟ ಬಟ್ಟೆ, ಟವೆಲ್, ಹಾಸಿಗೆ ಹೊದಿಕೆ ಎಲ್ಲವನ್ನೂ ಚೆನ್ನಾಗಿ ಬಿಸಿಯಾದ ನೀರಿನಲ್ಲಿ ನೆನೆಸಿ ಒಗೆದು ಬಿಸಿಲಿಗೆ ಹಾಕಿ. ಕೌದಿ, ರಗ್ಗು, ಬೊಂಬೆ ಇಂಥವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಂದು ವಾರ ಮುಟ್ಟಬೇಡಿ. ಮನುಷ್ಯರ ಮೈ ಬಿಟ್ಟರೆ ಹುಳ ಸಾಮಾನ್ಯವಾಗಿ ಎರಡು ಮೂರು ದಿನಕ್ಕಿಂತ ಬದುಕುವುದಿಲ್ಲ. ಮನೆಗೆಲ್ಲಾ ಔಷಧ ಹೊಡೆಸುವ ಅಗತ್ಯ ಇಲ್ಲ.

ಇಷ್ಟೆಲ್ಲಾ ಮಾಡಿದ ಮೇಲೂ ತುರಿಕೆ ಎರಡರಿಂದ ನಾಲ್ಕು ವಾರ ಇರುತ್ತದೆ, ಇದಕ್ಕೆ ತಯಾರಾಗಿರಿ. ಸತ್ತ ಹುಳದ ಚೂರುಗಳು ಚರ್ಮದಲ್ಲಿ ಇನ್ನೂ ಇರುತ್ತವೆ, ಚರ್ಮ ಉದುರಿ ಹೊಸದು ಬರುವ ತನಕ ಅಲರ್ಜಿ ಹೋಗುವುದಿಲ್ಲ. ಗಾಬರಿಯಾಗಿ ದಿನಾ ಕ್ರೀಮ್ ಹಚ್ಚಿದರೆ ಚರ್ಮ ಒಣಗಿ ಉರಿ ಬಂದು ತುರಿಕೆ ಇನ್ನೂ ಹೆಚ್ಚುತ್ತದೆ. ಕೊಬ್ಬರಿ ಎಣ್ಣೆ ಸವರಿ. ನಿದ್ದೆಗೆಡುವಷ್ಟಿದ್ದರೆ ಅಲರ್ಜಿಯ ಸಿರಪ್ ಬಗ್ಗೆ ಡಾಕ್ಟರನ್ನು ಕೇಳಿ. ನಾಲ್ಕು ವಾರ ದಾಟಿಯೂ ಹೊಸ ಗುಳ್ಳೆ ಏಳುತ್ತಿದ್ದರೆ ಚರ್ಮದ ಡಾಕ್ಟರಿಗೆ ತೋರಿಸಿ, ಬೇಕಾದರೆ ಐವರ್‌ಮೆಕ್ಟಿನ್ ಮಾತ್ರೆಯ ಬಗ್ಗೆ ಅವರು ತೀರ್ಮಾನ ಮಾಡುತ್ತಾರೆ. ಸಾಮಾನ್ಯವಾಗಿ 15 ಕೆಜಿಗಿಂತ ಕಡಿಮೆ ತೂಕದ ಮಕ್ಕಳಿಗೆ, ಬಸುರಿಯರಿಗೆ ಅದನ್ನು ಕೊಡುವುದಿಲ್ಲ, ಆದ್ದರಿಂದ ನೀವೇ ತಂದು ನುಂಗಿಸಬೇಡಿ. ಎರಡು ತಿಂಗಳು ತುಂಬದ ಕೂಸಿದ್ದರೆ ಪರ್ಮೆತ್ರಿನ್ ಹಚ್ಚುವ ಮುಂಚೆಯೂ ಕೇಳಲೇಬೇಕು.

ಗುಳ್ಳೆಯಲ್ಲಿ ಕೀವು ತುಂಬಿದರೆ, ಜೇನಿನ ಬಣ್ಣದ ಹಕ್ಕಳೆ ಕಟ್ಟಿದರೆ, ಜ್ವರ ಬಂದರೆ ತಡ ಮಾಡಬೇಡಿ. ಕೆರೆದ ಗಾಯಕ್ಕೆ ಸೋಂಕು ತಗುಲಿ, ಮುಂದಿನ ಕೆಲವು ವಾರಗಳಲ್ಲಿ ಕೆಲವು ಮಕ್ಕಳ ಮೂತ್ರಪಿಂಡಕ್ಕೆ ತೊಂದರೆಯಾಗುವುದುಂಟು. ಬೆಳಿಗ್ಗೆ ಎದ್ದಾಗ ಮುಖ ಊದಿದ್ದರೆ, ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದ್ದರೆ ಅವತ್ತೇ ಆಸ್ಪತ್ರೆಗೆ ಹೋಗಿ.

ಸ್ಕೂಲಿನ ವಿಷಯ ಕೇಳಿದ್ದಿರಿ. ಮೊದಲ ಸುತ್ತು ಹಚ್ಚಿ ಬೆಳಿಗ್ಗೆ ಸ್ನಾನ ಮಾಡಿಸಿದ ಮೇಲೆ ಕಳಿಸಬಹುದು. ಆದರೆ ಟೀಚರ್ ಹತ್ತಿರ ಒಂದು ಮಾತು ಹೇಳಿಬಿಡಿ. ಕ್ಲಾಸಿನಲ್ಲಿ ಮಧ್ಯಾಹ್ನ ಒಂದೇ ಚಾಪೆ ಮೇಲೆ ಮಲಗುವ ಇನ್ನೊಂದು ಮಗುವೂ ಕೆರೆದುಕೊಳ್ಳುತ್ತಿದ್ದರೆ ಅವರ ಮನೆಯಲ್ಲೂ ಅದೇ ವಾರ ಔಷಧ ಆಗಬೇಕು, ಇಲ್ಲದಿದ್ದರೆ ಇನ್ನೊಂದು ತಿಂಗಳಿಗೆ ನೀವು ಮೂರನೇ ಟ್ಯೂಬ್ ತರುತ್ತೀರಿ.