ಒಬ್ಬರೇ ದೊಡ್ಡ ಪೈಪು ಕೂಡಿಸುವಾಗ ಯಾವ ಕ್ಲಾಂಪ್?

ಸಣ್ಣ ಫ್ಯಾಬ್ರಿಕೇಶನ್ ಶೆಡ್ ನಡೆಸುವವರು ನನ್ನನ್ನು ಹೆಚ್ಚಾಗಿ ಕೇಳುವ ಪ್ರಶ್ನೆ ಇದು. ಹೆಲ್ಪರ್ ಸಿಗುತ್ತಿಲ್ಲ. ಸಿಕ್ಕವರೂ ಸ್ವಲ್ಪ ಕೆಲಸ ಕಲಿತ ಕೂಡಲೇ ಬೇರೆ ಕಡೆ ಹೋಗುತ್ತಾರೆ. ಕೆಲಸ ಮಾತ್ರ ಬರುತ್ತಲೇ ಇರುತ್ತದೆ. ಏತ ನೀರಾವರಿ ಪಂಪ್‌ಹೌಸಿನ ಡೆಲಿವರಿ ಲೈನು, ಅಪಾರ್ಟ್‌ಮೆಂಟಿನ ಫೈರ್ ಲೈನು, ಕಾರ್ಖಾನೆಯ ಕೂಲಿಂಗ್ ವಾಟರ್ ಹೆಡರ್. ಎಂಟು, ಹತ್ತು, ಹನ್ನೆರಡು ಇಂಚಿನ ಎಂಎಸ್ (ಮೈಲ್ಡ್ ಸ್ಟೀಲ್) ಪೈಪು. ಕೂಡಿಸುವವರೂ ಅವರೇ, ಟ್ಯಾಕ್ (ಜಾಯಿಂಟ್ ಹಿಡಿದಿಡುವ ಸಣ್ಣ ವೆಲ್ಡ್) ಹಾಕುವವರೂ ಅವರೇ, ವೆಲ್ಡ್ ಮಾಡುವವರೂ ಅವರೇ. ‘ಯಾವ ಕ್ಲಾಂಪ್ ತಗೊಳ್ಳಲಿ ಸಾರ್?’

ದುಡ್ಡು ಮೊದಲು ಸ್ಟ್ಯಾಂಡಿಗೆ ಹಾಕಿ, ಆಮೇಲೆ ಕ್ಲಾಂಪಿನ ಮಾತು. ನನ್ನ ಉತ್ತರ ಯಾವಾಗಲೂ ಇದೇ.

ಯಾಕೆ ಅಂತ ತೂಕ ನೋಡಿದರೆ ಗೊತ್ತಾಗುತ್ತದೆ. ಹತ್ತು ಇಂಚಿನ ಶೆಡ್ಯೂಲ್ 40 (ಗೋಡೆಯ ದಪ್ಪದ ದರ್ಜೆ) ಪೈಪಿನ ಹೊರ ವ್ಯಾಸ 273 ಮಿ.ಮೀ., ಗೋಡೆ 9.27 ಮಿ.ಮೀ. ಮೀಟರಿಗೆ ಸುಮಾರು 60 ಕೆಜಿ. ಆರು ಮೀಟರ್ ಉದ್ದದ ಒಂದು ಪೈಪು 360 ಕೆಜಿ. ಹನ್ನೆರಡು ಇಂಚಿನದು, ಗೋಡೆ 9.5 ಮಿ.ಮೀ. ಇದ್ದರೆ, 440 ಕೆಜಿ ದಾಟುತ್ತದೆ. ಇಷ್ಟು ತೂಕವನ್ನು ಎತ್ತಿ ಹಿಡಿಯುವುದು ಕ್ಲಾಂಪಿನ ಕೆಲಸವೇ ಅಲ್ಲ. ಭಾರ ಹೊರುವುದು ಸ್ಟ್ಯಾಂಡು. ಕ್ಲಾಂಪು ಕೊನೆಯ ಒಂದೆರಡು ಮಿಲಿಮೀಟರ್ ಸರಿಮಾಡಿ, ನೀವು ಕೈಬಿಟ್ಟು ಆಚೆ ಬದಿಗೆ ಹೋಗಿ ಬರುವವರೆಗೆ ಅದನ್ನು ಹಾಗೆಯೇ ಹಿಡಿದುಕೊಂಡಿರಬೇಕು, ಅಷ್ಟೇ. ಇಬ್ಬರಿದ್ದರೆ ಒಬ್ಬರು ಒತ್ತಿ ಹಿಡಿದು ಇನ್ನೊಬ್ಬರು ಟ್ಯಾಕ್ ಹಾಕಬಹುದು. ಒಬ್ಬರೇ ಇದ್ದಾಗ ಆ ಸೌಲಭ್ಯ ಇಲ್ಲ.

ಒಂದೊಂದು ಪೈಪಿಗೆ ಎರಡರಂತೆ ನಾಲ್ಕು ಸ್ಟ್ಯಾಂಡು ಬೇಕು. ಎತ್ತರ ಸ್ಕ್ರೂನಿಂದ ಏರಿಳಿಯಬೇಕು. ಪಿನ್ ಹಾಕಿ ತೂತಿನಿಂದ ತೂತಿಗೆ ಬದಲಿಸುವ ಸ್ಟ್ಯಾಂಡು ಈ ಕೆಲಸಕ್ಕೆ ಆಗುವುದಿಲ್ಲ. ಒಂದು ತೂತಿನಿಂದ ಇನ್ನೊಂದಕ್ಕೆ ಇಂಚುಗಟ್ಟಲೆ ಅಂತರ ಇರುತ್ತದೆ, ನಿಮಗೆ ಬೇಕಾಗಿರುವುದು ಅರ್ಧ ಮಿಲಿಮೀಟರ್. ಸ್ಟ್ಯಾಂಡಿನ ಮೇಲೆ ಬರೆದಿರುವ ಭಾರದ ಮಿತಿ ನೋಡಿ ತಗೊಳ್ಳಿ. ಮಿತಿ ಬರೆದೇ ಇಲ್ಲದ ಸ್ಟ್ಯಾಂಡು ಬೇಡವೇ ಬೇಡ. ಪಂಪ್‌ಹೌಸ್ ಹತ್ತಿರ ಮಣ್ಣಿನ ಮೇಲೆ ನಿಲ್ಲಿಸುವಾಗ ಪ್ರತಿ ಕಾಲಿನ ಕೆಳಗೂ ದಪ್ಪ ಪ್ಲೇಟಿನ ತುಂಡು ಇಡಿ. ಇಲ್ಲದಿದ್ದರೆ ಬೆಳಗ್ಗೆ ಕೂಡಿಸಿದ ಲೆವೆಲ್ ಮಧ್ಯಾಹ್ನಕ್ಕೆ ಇರುವುದಿಲ್ಲ. ಪೈಪನ್ನು ಹೈಡ್ರಾ ಕ್ರೇನ್ ಅಥವಾ ಚೈನ್ ಪುಲ್ಲಿಯಿಂದ ಸ್ಟ್ಯಾಂಡಿನ ಮೇಲೆ ಪೂರ್ತಿ ಇಳಿಸಿದ ಮೇಲೆಯೇ ಫಿಟಪ್ (ತುದಿಗಳನ್ನು ಸರಿಹೊಂದಿಸಿ ಕೂಡಿಸುವುದು) ಶುರು ಮಾಡಿ. ತೂಗುತ್ತಿರುವ ಪೈಪಿಗೆ ಕ್ಲಾಂಪ್ ಹಾಕಿ ಸರಿಮಾಡಲು ಹೋದರೆ ದಿನ ಹಾಳು, ಕೈಬೆರಳಿಗೂ ಅಪಾಯ.

ಪೈಪು ತಿರುಗಿಸಲು ಜಾಗ ಇರುವ ಶೆಡ್ ಕೆಲಸವಾದರೆ ರೋಲರ್ ತಲೆಯ ಸ್ಟ್ಯಾಂಡು ತಗೊಳ್ಳಿ. ಟ್ಯಾಕ್ ಆದ ಮೇಲೆ ಪೈಪನ್ನು ತಿರುಗಿಸುತ್ತಾ ಇಡೀ ವೆಲ್ಡನ್ನು ಮೇಲ್ಭಾಗದಲ್ಲೇ, ಆರಾಮಾಗಿ ಹಾಕಬಹುದು. ಆದರೆ ಫಿಟಪ್ ಆಗುವವರೆಗೆ ಎರಡೂ ಪೈಪಿಗೆ ವೆಡ್ಜ್ (ಬೆಣೆ) ಕೊಟ್ಟು ತಿರುಗದಂತೆ ಮಾಡಿ.

ಇನ್ನು ಲೆವೆಲ್. ಒಂದು ಪೈಪನ್ನು ಸ್ಪಿರಿಟ್ ಲೆವೆಲ್ ಇಟ್ಟು ಮಟ್ಟ ಮಾಡಿ, ಆಮೇಲೆ ಅದನ್ನು ಮುಟ್ಟಬೇಡಿ. ಸರಿಸುವುದು, ಏರಿಸುವುದು ಎಲ್ಲ ಎರಡನೆಯ ಪೈಪಿಗೆ ಮಾತ್ರ. ಎರಡನ್ನೂ ಅಷ್ಟಿಷ್ಟು ಅಲ್ಲಾಡಿಸಿದರೆ ಯಾವುದು ತಪ್ಪಿದೆ ಅಂತ ಒಬ್ಬರಿಗೆ ಪತ್ತೆ ಹಚ್ಚಲು ಆಗುವುದಿಲ್ಲ.

ಈಗ ಎರಡು ಪೈಪಿನ ತುದಿಗಳ ನಡುವಿನ ಗ್ಯಾಪ್ ನೋಡಿ. ಮೇಲೆ 4 ಮಿ.ಮೀ., ಕೆಳಗೆ 3 ಮಿ.ಮೀ. ಇದೆ ಅಂದುಕೊಳ್ಳಿ. ಹೆಚ್ಚಿನವರು ಇಲ್ಲಿ ಸ್ಪ್ಯಾನರ್ ಎತ್ತಿಕೊಂಡು ಕ್ಲಾಂಪ್ ಬಿಗಿಯಲು ಶುರು ಮಾಡುತ್ತಾರೆ. ಬೆವೆಲ್ (ವೆಲ್ಡಿಗಾಗಿ ಇಳಿಜಾರು ಮಾಡಿದ ಪೈಪಿನ ಅಂಚು) ಓರೆಯಿಲ್ಲದೆ ಕತ್ತರಿಸಿದ್ದರೆ ತಪ್ಪು ಇರುವುದು ಇಲ್ಲಲ್ಲ, ಆರು ಮೀಟರ್ ಆಚೆ. ಪೈಪಿನ ದೂರದ ತುದಿ ಕೆಳಗಿದೆ. ಎಷ್ಟು? 273 ಮಿ.ಮೀ. ವ್ಯಾಸದ ಪೈಪಿನಲ್ಲಿ ಗ್ಯಾಪಿನ 1 ಮಿ.ಮೀ. ವ್ಯತ್ಯಾಸ ಅಂದರೆ ಆರು ಮೀಟರ್ ಆಚೆಯ ತುದಿಯಲ್ಲಿ 22 ಮಿ.ಮೀ. ಆರು ಸಾವಿರವನ್ನು 273ರಿಂದ ಭಾಗಿಸಿದರೆ ಬರುವ ಲೆಕ್ಕ. ಹೋಗಿ ಆ ಕಡೆಯ ಸ್ಟ್ಯಾಂಡಿನ ಸ್ಕ್ರೂ ಏರಿಸಿ, ಜಾಯಿಂಟಿನ ಗ್ಯಾಪ್ ತಾನಾಗಿ ಸರಿಹೋಗುತ್ತದೆ. ಎಡ ಬಲ ವ್ಯತ್ಯಾಸಕ್ಕೂ ಇದೇ ಲೆಕ್ಕ, ದೂರದ ತುದಿಯನ್ನು ಪಕ್ಕಕ್ಕೆ ಸರಿಸಬೇಕು. ಅದು ಬಿಟ್ಟು ಕ್ಲಾಂಪಿನ ಬಲದಿಂದ ಎಳೆದು ಕೂಡಿಸಿದರೆ ಆ ಎಳೆತವೆಲ್ಲ ಟ್ಯಾಕ್ ಮೇಲೆ ಕೂರುತ್ತದೆ. ಕ್ಲಾಂಪ್ ಸಡಿಲಿಸಿದ ಕೂಡಲೇ ‘ಟಿಕ್’ ಅಂತ ಸದ್ದು ಬಂದು ಟ್ಯಾಕ್ ಬಿರುಕು ಬಿಡುವುದು ಇದೇ ಕಾರಣಕ್ಕೆ.

ಕ್ಲಾಂಪ್ ಹಾಕುವ ಮೊದಲು ಇನ್ನೊಂದು ಅಳತೆ. ಎರಡೂ ಪೈಪಿನ ತುದಿಗೆ ಟೇಪು ಸುತ್ತಿ ಸುತ್ತಳತೆ ನೋಡಿ. ಸುತ್ತಳತೆಯಲ್ಲಿ 3 ಮಿ.ಮೀ. ವ್ಯತ್ಯಾಸ ಇದ್ದರೆ ವ್ಯಾಸದಲ್ಲಿ ಸುಮಾರು 1 ಮಿ.ಮೀ. ಅದನ್ನು ಸುತ್ತಲೂ ಸಮ ಹಂಚಿದರೆ ಒಂದು ಬದಿಗೆ ಅರ್ಧ ಮಿಲಿಮೀಟರ್ ಮೆಟ್ಟಿಲು, ತೊಂದರೆಯಿಲ್ಲ. ಆಮೇಲೆ ಅಡ್ಡಲಾಗಿ ಒಮ್ಮೆ, ಮೇಲಿನಿಂದ ಕೆಳಕ್ಕೆ ಒಮ್ಮೆ ವ್ಯಾಸ ಅಳೆಯಿರಿ. ಲಾರಿಯಲ್ಲಿ ಒಂದರ ಮೇಲೊಂದು ಹೇರಿ ತಂದ ಪೈಪು ಮೊಟ್ಟೆಯಾಕಾರಕ್ಕೆ ತಿರುಗಿರುವುದು ಮಾಮೂಲಿ. ಒಂದರ ಉದ್ದ ವ್ಯಾಸ ಇನ್ನೊಂದರ ಉದ್ದ ವ್ಯಾಸಕ್ಕೆ ಎದುರಾಗುವಂತೆ ಪೈಪು ತಿರುಗಿಸಿದರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯಿತು. ಇದಕ್ಕೆ ಕ್ಲಾಂಪೂ ಬೇಡ, ಖರ್ಚೂ ಇಲ್ಲ. ಉದ್ದ ಸೀಮ್ (ಬೆಸುಗೆಯ ಗೆರೆ) ಇರುವ ಪೈಪಾದರೆ ಎರಡರ ಸೀಮ್ ಒಂದೇ ಸಾಲಿಗೆ ಬರದಂತೆ ನೋಡಿಕೊಳ್ಳಿ.

ಇನ್ನು ಕ್ಲಾಂಪಿಗೆ ಬರೋಣ. ಎಲ್ಲರ ಶೆಡ್ಡಿನಲ್ಲೂ ಇರುವುದು ಆಂಗಲ್ ತುಂಡು ಮತ್ತು ಸಿ ಕ್ಲಾಂಪ್. ನಾಲ್ಕು ಇಂಚಿನವರೆಗೆ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಅದಕ್ಕಿಂತ ದೊಡ್ಡ ಪೈಪಿಗೆ ಆಂಗಲ್ ಎರಡೇ ಗೆರೆಯಲ್ಲಿ ತಾಗುತ್ತದೆ, ಉಳಿದ ಸುತ್ತಿನಲ್ಲಿ ಏನಾಗಿದೆ ಅಂತ ಅದಕ್ಕೆ ಗೊತ್ತೇ ಇಲ್ಲ.

ಪೈಪ್‌ಲೈನ್ ಕೆಲಸದಲ್ಲಿ ಕಾಣುವ ಕೇಜ್ ಕ್ಲಾಂಪ್ ವೇಗದ್ದು. ಎರಡು ಅರ್ಧವೃತ್ತ, ನಡುವೆ ಅಡ್ಡಪಟ್ಟಿಗಳು, ಲಿವರ್ ಅಥವಾ ಹೈಡ್ರಾಲಿಕ್ ಜ್ಯಾಕ್ ಒತ್ತಿದರೆ ಮುಚ್ಚಿಕೊಳ್ಳುತ್ತದೆ. ಆದರೆ ಒಂದು ಅಳತೆಗೆ ಒಂದು ಕ್ಲಾಂಪು. ಇವತ್ತು ಎಂಟು ಇಂಚು, ನಾಳೆ ಹನ್ನೆರಡು ಇಂಚು ಮಾಡುವ ಶೆಡ್ಡಿಗೆ ಅದು ಹೊಂದುವುದಿಲ್ಲ. ಎಲ್ಬೋ, ಫ್ಲ್ಯಾಂಜ್ ಮೇಲೂ ಸರಿಯಾಗಿ ಕೂರುವುದಿಲ್ಲ. ನೂರಾರು ಮೀಟರ್ ನೇರ ಲೈನು, ಎಲ್ಲ ಒಂದೇ ಸೈಜು ಅಂದರೆ ಖಂಡಿತ ತಗೊಳ್ಳಿ. ಆಗಲೂ ಅಡ್ಡಪಟ್ಟಿಗಳು ಕಮಾನಿನ ಹಾಗೆ ಬಾಗಿದ್ದು, ಅವುಗಳ ಅಡಿಯಲ್ಲಿ ವೆಲ್ಡಿಂಗ್ ರಾಡ್ ಆಡಿಸಲು ಜಾಗ ಇರುವುದನ್ನು ಆರಿಸಿ. ನೇರ ಪಟ್ಟಿಯದಾದರೆ ಟ್ಯಾಕ್ ಹಾಕಿದ ಕೂಡಲೇ ಕ್ಲಾಂಪ್ ಬಿಚ್ಚಬೇಕಾಗುತ್ತದೆ.

ರಿಮ್ ಕ್ಲಾಂಪ್ ಬಲಶಾಲಿ. ಗಟ್ಟಿ ಉಂಗುರ, ಸುತ್ತಲೂ ಸ್ಕ್ರೂ. ಮೊಟ್ಟೆಯಾಕಾರಕ್ಕೆ ತಿರುಗಿದ ಪೈಪನ್ನು ಒತ್ತಿ ದುಂಡಗೆ ಮಾಡುವಷ್ಟು ಶಕ್ತಿ ಅದಕ್ಕಿದೆ. ದೊಡ್ಡ ಸೈಜಿನಲ್ಲಿ ಅದನ್ನು ಒಬ್ಬರೇ ಎತ್ತಿ ಪೈಪಿಗೆ ಸುತ್ತುವುದು ಕಷ್ಟ. ಒಬ್ಬಂಟಿ ಕೆಲಸಕ್ಕೆ ನಾನು ಅದನ್ನು ಹೇಳುವುದಿಲ್ಲ. ಪೈಪಿನ ಒಳಗೆ ಹೋಗುವ ಇಂಟರ್ನಲ್ ಕ್ಲಾಂಪ್ ದೊಡ್ಡ ಗ್ಯಾಸ್ ಲೈನ್ ಗುತ್ತಿಗೆದಾರರಿಗೆ ಬಿಟ್ಟದ್ದು.

ಆರರಿಂದ ಹದಿನಾರು ಇಂಚಿನವರೆಗೆ, ಒಬ್ಬರೇ ಕೆಲಸ ಮಾಡುವವರಿಗೆ ನಾನು ಹೇಳುವುದು ಸಿಂಗಲ್ ಚೈನ್ ಕ್ಲಾಂಪ್. ಒಂದೇ ಕ್ಲಾಂಪು ಹಲವು ಸೈಜಿಗೆ ಆಗುತ್ತದೆ. ಚೈನು ಒಂದು ಪೈಪಿನ ಮೇಲೆ ಮಾತ್ರ ಸುತ್ತುತ್ತದೆ. ಚೈನಿನ ಮೇಲೆ ಅಲ್ಲಲ್ಲಿ ಕೂರುವ ಜ್ಯಾಕ್ ಬಾರ್‌ಗಳು ಜಾಯಿಂಟ್ ದಾಟಿ ಇನ್ನೊಂದು ಪೈಪಿನ ಮೇಲೆ ಚಾಚಿಕೊಳ್ಳುತ್ತವೆ. ತುದಿಯಲ್ಲಿ ಸ್ಕ್ರೂ. ಹಾಗಾಗಿ ಆಚೆ ಕಡೆ ಪೈಪೇ ಇರಬೇಕು ಅಂತೇನಿಲ್ಲ, ಎಲ್ಬೋ, ಟೀ ಯಾವುದಾದರೂ ಆಗುತ್ತದೆ. ಡಬಲ್ ಚೈನ್ ಇನ್ನೂ ಗಟ್ಟಿ ಹಿಡಿತದ್ದು, ದಪ್ಪ ಗೋಡೆಯ ಪೈಪಿಗೆ ಒಳ್ಳೆಯದು. ಆದರೆ ಎರಡೂ ಕಡೆ ನೇರ ಪೈಪು ಬೇಕು.

ಬಳಸುವಾಗ ಒಂದು ವಿಷಯ ನೆನಪಿರಲಿ. ಸ್ಕ್ರೂ ತಳ್ಳುತ್ತದೆ, ಎಳೆಯುವುದಿಲ್ಲ. ಎತ್ತರ ಇರುವ ಕಡೆಯನ್ನು ಅದು ಕೆಳಗೆ ಒತ್ತಬಲ್ಲದು, ತಗ್ಗಿರುವ ಕಡೆಯನ್ನು ಮೇಲೆತ್ತಲಾರದು. ಆದ್ದರಿಂದ ಸುತ್ತಳತೆ ಸ್ವಲ್ಪ ಕಡಿಮೆ ಇರುವ ಪೈಪಿಗೆ ಚೈನ್ ಸುತ್ತಿ, ಜಾಸ್ತಿ ಇರುವ ಪೈಪಿನ ಮೇಲೆ ಸ್ಕ್ರೂ ಬರುವಂತೆ ಮಾಡಿ. ಚೈನನ್ನು ಪೈಪಿನ ಕೆಳಗಿನಿಂದ ಈಚೆಗೆ ತರಲು ಗಟ್ಟಿ ತಂತಿಯ ಕೊಕ್ಕೆ ಒಂದು ಮಾಡಿಟ್ಟುಕೊಳ್ಳಿ, ಬಗ್ಗಿ ಪೈಪಿನ ಕೆಳಗೆ ತಲೆ ಹಾಕುವ ಅಗತ್ಯ ಇರುವುದಿಲ್ಲ. ಸ್ಟ್ಯಾಂಡನ್ನು ಜಾಯಿಂಟಿಗೆ ಒತ್ತಿ ನಿಲ್ಲಿಸಬೇಡಿ, ಅರ್ಧ ಮೀಟರ್‌ನಷ್ಟು ಬಿಡಿ. ಚೈನು ಸುತ್ತಲೂ ಜಾಗ ಬೇಕು, ಕೆಳಭಾಗಕ್ಕೆ ವೆಲ್ಡ್ ಮಾಡಲು ನಿಮ್ಮ ಹೆಲ್ಮೆಟಿಗೂ ಜಾಗ ಬೇಕು.

ಹೊರಗೆ ಕೈ ಸವರಿ ನುಣುಪಾಗಿದೆ ಅಂದ ಮಾತ್ರಕ್ಕೆ ಒಳಗೂ ಸರಿ ಇದೆ ಅಂತ ಅಲ್ಲ. ಸೀಮ್‌ಲೆಸ್ ಪೈಪಿನ ಗೋಡೆ ಹೇಳಿದ ದಪ್ಪಕ್ಕಿಂತ ಶೇ. 12.5ರಷ್ಟು ಕಡಿಮೆ ಇರಲು ಸ್ಟ್ಯಾಂಡರ್ಡಿನಲ್ಲೇ ಅವಕಾಶ ಇದೆ. 9.27 ಮಿ.ಮೀ. ಅಂತ ತಂದದ್ದು ಒಂದು ಬದಿಯಲ್ಲಿ 8.1 ಇರಬಹುದು. ಹೊರಗಿನ ಕ್ಲಾಂಪು ಹೊರಮೈಯನ್ನು ಮಾತ್ರ ಕೂಡಿಸುತ್ತದೆ, ಒಳಗೆ ಒಂದು ಮಿಲಿಮೀಟರಿಗೂ ಮೀರಿ ಮೆಟ್ಟಿಲು ಉಳಿದಿರಬಹುದು. ರೂಟ್ ಪಾಸ್ (ಜಾಯಿಂಟಿನ ತಳದ ಮೊದಲ ವೆಲ್ಡ್) ಬೀಳುವುದು ಒಳ ಅಂಚಿನ ಮೇಲೆ, ಅಲ್ವಾ? ಗ್ಯಾಪಿನೊಳಗೆ, ಈ ಮೆಟ್ಟಿಲು ಅಳೆಯುವ ಹೈ-ಲೋ ಗೇಜ್ ಹಾಕಿ ನೋಡಿ. ನಾನು 1.5 ಮಿ.ಮೀ. ದಾಟಲು ಬಿಡುವುದಿಲ್ಲ. ಮೆಟ್ಟಿಲು ದೊಡ್ಡದಾದರೆ ಒಂದು ಅಂಚು ಕರಗದೆ ಹಾಗೇ ಉಳಿಯುತ್ತದೆ, ಹೈಡ್ರೋ ಟೆಸ್ಟಿನಲ್ಲಿ (ನೀರು ತುಂಬಿ ಒತ್ತಡ ಕೊಡುವ ಪರೀಕ್ಷೆ) ನೀರು ಜಿನುಗುವುದು ಅಲ್ಲಿಂದಲೇ.

ಗ್ಯಾಪ್ ಹಿಡಿಯಲು 3.15 ಮಿ.ಮೀ. ರಾಡಿನ ಫ್ಲಕ್ಸ್ ಉದುರಿಸಿ, ಯು ಆಕಾರಕ್ಕೆ ಬಗ್ಗಿಸಿ ನಡುವೆ ಸಿಕ್ಕಿಸಿ. ಹಳೆಯ ಉಪಾಯ, ಇದಕ್ಕಿಂತ ಒಳ್ಳೆಯದು ನನಗೆ ಕಂಡಿಲ್ಲ. ಮೊದಲ ಟ್ಯಾಕ್ ಮೇಲೆ, ಎರಡನೆಯದು ನೇರ ಕೆಳಗೆ, ಆಮೇಲೆ ಎಡ, ಬಲ. ಒಬ್ಬರೇ ಇದ್ದಾಗ ನಿಂತ ಕಡೆಯಲ್ಲೇ ಎರಡು ಮೂರು ಟ್ಯಾಕ್ ಹಾಕಿಬಿಡುವ ಆಸೆ ಆಗುತ್ತದೆ. ಬೇಡ. ಟ್ಯಾಕ್ ತಣ್ಣಗಾಗುತ್ತಾ ಆ ಬದಿಯ ಗ್ಯಾಪನ್ನು ಎಳೆದು ಮುಚ್ಚುತ್ತದೆ, ಎದುರು ಬದಿ ತೆರೆದುಕೊಳ್ಳುತ್ತದೆ. ಪ್ರತಿ ಟ್ಯಾಕ್ ಆದ ಮೇಲೂ ಎದುರಿನ ಗ್ಯಾಪ್ ನೋಡಿ, ಆಮೇಲೆ ಮುಂದಿನದು. ಹತ್ತು ಇಂಚಿಗೆ ಒಂದೊಂದು ಟ್ಯಾಕ್ 25 ಮಿ.ಮೀ.ಗಿಂತ ಕಡಿಮೆ ಇರಬಾರದು. ಎರಡೂ ತುದಿಯನ್ನು ಗ್ರೈಂಡರಿನಿಂದ ಇಳಿಜಾರು ಮಾಡಿ, ರೂಟ್ ಪಾಸ್ ಅದರೊಳಗೆ ಸಲೀಸಾಗಿ ಸೇರುತ್ತದೆ.

ಕ್ಲಾಂಪ್ ಯಾವಾಗ ಬಿಚ್ಚಬೇಕು? ಪೈಪ್‌ಲೈನ್ ವೆಲ್ಡಿಂಗಿನ ಎಪಿಐ (ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್) 1104 ಸ್ಟ್ಯಾಂಡರ್ಡ್ ಹೊರ ಕ್ಲಾಂಪಿಗೆ ಹೇಳುವುದು ಹೀಗೆ: ರೂಟ್ ಪಾಸಿನ ತುಂಡುಗಳು ಸುತ್ತಲೂ ಸಮ ಅಂತರದಲ್ಲಿದ್ದು, ಒಟ್ಟು ಉದ್ದ ಸುತ್ತಳತೆಯ ಕನಿಷ್ಠ ಅರ್ಧ ಆಗಬೇಕು, ಆಮೇಲೆ ಬಿಚ್ಚಿ. ನೀರಿನ ಲೈನಿಗೆ ಈ ನಿಯಮ ಕಡ್ಡಾಯವಲ್ಲ. ಆದರೂ ನಾನು ಇದನ್ನೇ ಪಾಲಿಸಲು ಹೇಳುತ್ತೇನೆ. ಯಾಕೆಂದರೆ ಕ್ಲಾಂಪ್ ಬಿಚ್ಚಿದಾಗ ಪೈಪು ಕದಲಿದರೆ ಹಿಡಿಯಲು ಪಕ್ಕದಲ್ಲಿ ಯಾರೂ ಇಲ್ಲ.

ಅರ್ಥಿಂಗ್ ಹೋಲ್ಡರನ್ನು ಪೈಪಿಗೇ ಹಾಕಿ, ಚೈನಿಗೆ ಹಾಕಬೇಡಿ. ಕರೆಂಟು ಚೈನಿನ ಕೊಂಡಿಗಳ ಮೂಲಕ ಹರಿದರೆ ಸಡಿಲ ಇರುವ ಕಡೆಯೆಲ್ಲ ಕಿಡಿ ಹಾರಿ ಕೊಂಡಿಯೂ ಸುಡುತ್ತದೆ, ಪೈಪಿನ ಮೈಯಲ್ಲೂ ಗುಳಿ ಬೀಳುತ್ತದೆ. ಸ್ಟೇನ್‌ಲೆಸ್ ಪೈಪಿನ ಕೆಲಸವಾದರೆ ಪೈಪಿಗೆ ತಾಗುವ ಭಾಗವೆಲ್ಲ ಸ್ಟೇನ್‌ಲೆಸ್ ಇರುವ ಕ್ಲಾಂಪೇ ಬೇಕು. ಕಬ್ಬಿಣದ ಚೈನು ಉಜ್ಜಿದ ಗುರುತೇ ಆಮೇಲೆ ತುಕ್ಕಿನ ಗೆರೆಯಾಗಿ ಏಳುತ್ತದೆ.

ಪ್ಲೇಟ್ ರೋಲ್ ಮಾಡಿ ಮಾಡಿದ ಎರಡು ಅಡಿ, ಮೂರು ಅಡಿ ವ್ಯಾಸದ ಪೈಪಿಗೆ ಚೈನ್ ಕ್ಲಾಂಪಿಗಿಂತ ಕ್ಲೀಟು (ತಾತ್ಕಾಲಿಕವಾಗಿ ವೆಲ್ಡ್ ಮಾಡುವ ಕಬ್ಬಿಣದ ತುಂಡು) ಮತ್ತು ವೆಡ್ಜೇ ಸರಿ. ಒಂದು ಪೈಪಿಗೆ ಕ್ಲೀಟ್ ವೆಲ್ಡ್ ಮಾಡಿ, ವೆಡ್ಜ್ ಹೊಡೆದು ಇನ್ನೊಂದನ್ನು ಮಟ್ಟಕ್ಕೆ ತರುವುದು. ತೆಳು ಗೋಡೆಯ ದೊಡ್ಡ ಪೈಪು ಅಲೆ ಅಲೆಯಾಗಿರುತ್ತದೆ, ಬೇಕಾದ ಕಡೆ ಮಾತ್ರ ಒತ್ತಬಹುದು. ಕೆಲಸ ಆದ ಮೇಲೆ ಕ್ಲೀಟನ್ನು ಸುತ್ತಿಗೆಯಿಂದ ಹೊಡೆದು ಕೀಳುವುದನ್ನು ದಯವಿಟ್ಟು ಬಿಡಿ. ಪೈಪಿನ ಲೋಹವೇ ಕಿತ್ತು ಬರುತ್ತದೆ. ಗ್ರೈಂಡರಿನಿಂದ ಕತ್ತರಿಸಿ, ಉಳಿದದ್ದನ್ನು ಉಜ್ಜಿ.

ಇಂಥ ದೊಡ್ಡ ಪೈಪಿನೊಳಗೆ ಒಬ್ಬರೇ ಇಳಿದು ವೆಲ್ಡ್ ಮಾಡಬೇಡಿ. ಎಷ್ಟೇ ಅರ್ಜೆಂಟ್ ಇರಲಿ, ಹೊರಗೆ ನಿಂತು ನೋಡುವವರು ಒಬ್ಬರು ಇರಲೇಬೇಕು. ಸ್ಟೇನ್‌ಲೆಸ್ ಕೆಲಸಕ್ಕೆ ಆರ್ಗಾನ್ ಪರ್ಜ್ ಮಾಡಿದ (ಒಳಗಿನ ಗಾಳಿ ಹೊರಹಾಕಿ ಆರ್ಗಾನ್ ಅನಿಲ ತುಂಬಿದ) ಪೈಪಿನೊಳಗೆ ತಲೆ ಹಾಕಿ ಇಣುಕುವುದೂ ಬೇಡ. ಆರ್ಗಾನಿಗೆ ವಾಸನೆ ಇಲ್ಲ, ಉಸಿರು ಕಟ್ಟುತ್ತಿದೆ ಅಂತ ಗೊತ್ತಾಗುವ ಮೊದಲೇ ಎಚ್ಚರ ತಪ್ಪುತ್ತದೆ. ಸಕ್ಕರೆ ಕಾರ್ಖಾನೆಯ ಹೈ ಪ್ರೆಶರ್ ಸ್ಟೀಮ್ ಲೈನಿನಂಥ ಕೆಲಸ ಬಾಯ್ಲರ್ ನಿಯಮಗಳ ಅಡಿಯಲ್ಲಿ ಬರುತ್ತದೆ. ಅದಕ್ಕೆ ಸರ್ಟಿಫಿಕೇಟ್ ಇರುವ ವೆಲ್ಡರ್ ಬೇಕು, ತಪಾಸಣೆ ಬೇಕು. ಒಬ್ಬರೇ ಹೋಗಿ ಮುಗಿಸಿ ಬರುವ ಕೆಲಸ ಅಲ್ಲ.

ಚೈನ್ ಕ್ಲಾಂಪ್ ಹಳೆಯದು ಸಿಕ್ಕರೂ ತಗೊಳ್ಳಬಹುದು, ನೋಡಿ ತಗೊಳ್ಳಿ. ಚೈನನ್ನು ನೆಲದ ಮೇಲೆ ಉದ್ದಕ್ಕೆ ಹಾಸಿ ಪ್ರತಿ ಕೊಂಡಿಯ ಪಿನ್ ಮುಟ್ಟಿ ನೋಡಿ, ಸವೆದು ಆಡುತ್ತಿದ್ದರೆ ಬೇಡ. ಸ್ಕ್ರೂಗಳನ್ನು ಬರಿಗೈಯಲ್ಲಿ ಪೂರ್ತಿ ತಿರುಗಿಸಿ. ಸ್ಪ್ಯಾಟರ್ (ವೆಲ್ಡಿಂಗಿನಲ್ಲಿ ಸಿಡಿದ ಲೋಹದ ಹನಿ) ಕೂತ ಥ್ರೆಡ್ ಅರ್ಧಕ್ಕೇ ನಿಲ್ಲುತ್ತದೆ. ಜ್ಯಾಕ್ ಬಾರ್ ಬಾಗಿದೆಯಾ ಅಂತ ಸ್ಕೇಲ್ ಇಟ್ಟು ನೋಡಿ. ಆಮೇಲೆ ಅಂಗಡಿಯಲ್ಲೇ ಒಂದು ಪೈಪಿನ ತುಂಡಿಗೆ ನೀವೊಬ್ಬರೇ ಸುತ್ತಿ, ಬಿಗಿದು, ಒಂದೇ ಕೈಯಲ್ಲಿ ಸ್ಕ್ರೂ ತಿರುಗಿಸಿ ನೋಡಿ. ಅಂಗಡಿಯವರು ‘ನಾನು ಹಿಡ್ಕೋತೀನಿ’ ಅಂತ ಮುಂದೆ ಬಂದರೆ ಬೇಡ ಅನ್ನಿ.